ಡಯಲ್ ಮೇಲಿನ 4.8 ನಂಬಿ ಕೆಟ್ಟವರು: ಅಗ್ಗದ ವೇರಿಯಬಲ್ ವೋಲ್ಟೇಜ್ ವೇಪ್ ಕೊಳ್ಳುವ ಮುನ್ನ

ವೇಪ್ ಅಂದರೆ ಇ-ಸಿಗರೇಟು, ನಿಕೋಟಿನ್ ದ್ರವವನ್ನು ಬಿಸಿಮಾಡಿ ಆವಿಯಾಗಿ ಎಳೆಯುವ ಸಾಧನ. ಅದರ ಅಗ್ಗದ ಸೆಟ್ ಹೀಗಿರುತ್ತದೆ: ಪೆನ್ನಿನಂಥ ಬ್ಯಾಟರಿ, ಬುಡದಲ್ಲಿ ತಿರುಗಿಸುವ ಡಯಲ್, ಅದರ ಸುತ್ತ 3.3ರಿಂದ 4.8 ವೋಲ್ಟ್‌ವರೆಗೆ ಗೆರೆಗಳು. ತಲೆ ಮೇಲೊಂದು ಪ್ಲಾಸ್ಟಿಕ್ ಟ್ಯಾಂಕ್, ಡಬ್ಬಿಯಲ್ಲೊಂದು ಯುಎಸ್‌ಬಿ ಚಾರ್ಜರ್. ಈ ಸೆಟ್ ಕೊಂಡವರ ಕತೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲ ದಿನ ಎಲ್ಲ ಸರಿ. ಮೂರನೇ ದಿನ ಆವಿ ಸಾಲದು ಅನ್ನಿಸಿ ಡಯಲ್ ಮೇಲೇರುತ್ತದೆ. ವಾರದೊಳಗೆ ಬಟ್ಟೆ ಸುಟ್ಟಂಥ ರುಚಿ, ಗಂಟಲಲ್ಲಿ ಉರಿ. ಟ್ಯಾಂಕ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದು ತಿರುಪಿದರೆ ಬಟನ್ ಮಿನುಗಿ ಸುಮ್ಮನಾಗುತ್ತದೆ. ತಿಂಗಳು ತುಂಬುವಷ್ಟರಲ್ಲಿ ಸೆಟ್ ಡ್ರಾಯರ್ ಸೇರಿರುತ್ತದೆ, ಕೊಂಡವರು ಮತ್ತೆ ಸಿಗರೇಟು ಹಚ್ಚಿರುತ್ತಾರೆ. ದುಡ್ಡು ಹೋದದ್ದು ಚಿಕ್ಕ ನಷ್ಟ. ಇದೇ ದಾರಿಯಲ್ಲಿ ಜೇಬಿನಲ್ಲಿ ಬ್ಯಾಟರಿ ಹೊತ್ತಿಕೊಂಡವರೂ ಇದ್ದಾರೆ.

ಇದನ್ನು ಬರೆಯುತ್ತಿರುವುದು ಬ್ರಿಟನ್ನಿನಂಥ, ವೇಪ್ ಕಾನೂನುಬದ್ಧವಾಗಿ ಸಿಗುವ ದೇಶಗಳಲ್ಲಿರುವ, ಈಗಾಗಲೇ ಸಿಗರೇಟು ಸೇದುವ ವಯಸ್ಕರಿಗೆ. ಭಾರತದಲ್ಲಿ ಇದು ನಿಷಿದ್ಧ. ಆ ಮಾತು ಕೊನೆಗೆ. ಸಿಗರೇಟಿನ ಅಭ್ಯಾಸವೇ ಇಲ್ಲದವರಿಗೆ ಇದರ ಗೊಡವೆ ಬೇಡ. ಸಿಗರೇಟಿಗಿಂತ ಹಾನಿ ಕಡಿಮೆ, ಆದರೆ ಹಾನಿಯೇ ಇಲ್ಲವೆಂದಲ್ಲ ಎಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಹೇಳುತ್ತದೆ. 2025ರ ಜೂನ್ 1ರಿಂದ ಅಲ್ಲಿ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಂತಿದೆ. ಅದನ್ನೇ ನೆಚ್ಚಿಕೊಂಡಿದ್ದವರು ಈಗ ದ್ರವ ತುಂಬಿಸಿಕೊಳ್ಳುವ ಸೆಟ್ ಹುಡುಕುವಾಗ ಆನ್‌ಲೈನ್‌ನ ಅತಿ ಅಗ್ಗದ ಪುಟಕ್ಕೇ ಹೋಗಿ ನಿಲ್ಲುತ್ತಾರೆ. ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತೇವಲ್ಲ, ಇಲ್ಲಿ ಕೆಲವೊಮ್ಮೆ ಕಜ್ಜಾಯದೊಳಗೆ ಕೆಂಡವೂ ಇರುತ್ತದೆ.

ಎಲ್ಲರೂ ಮಾಡುವ ಮೊದಲ ತಪ್ಪು ಬ್ಯಾಟರಿಯನ್ನು ಮೊದಲು ಆರಿಸಿ, ಆಮೇಲೆ ಅದಕ್ಕೊಂದು ಟ್ಯಾಂಕ್ ಹುಡುಕುವುದು. ಆಗಬೇಕಾದ್ದು ತಿರುಗುಮುರುಗು. ಮೊದಲು ಕಾಯಿಲ್ (ದ್ರವ ಬಿಸಿಮಾಡುವ, ಹತ್ತಿಬತ್ತಿ ಇರುವ ತಂತಿಸುರುಳಿ), ಆ ಕಾಯಿಲ್ ಕೂರುವ ಟ್ಯಾಂಕ್, ಕೊನೆಗೆ ಅದಕ್ಕೆ ಬೇಕಾದಷ್ಟು ಕರೆಂಟ್ ಕೊಡಬಲ್ಲ ಬ್ಯಾಟರಿ. ವೋಲ್ಟ್ ಒಂದೇ ಏನನ್ನೂ ತೀರ್ಮಾನಿಸುವುದಿಲ್ಲ. ವೋಲ್ಟನ್ನು ಅದರಿಂದಲೇ ಗುಣಿಸಿ, ಕಾಯಿಲ್‌ನ ಓಮ್‌ನಿಂದ (ಅದು ಕರೆಂಟಿಗೆ ಒಡ್ಡುವ ತಡೆಯ ಅಳತೆ) ಭಾಗಿಸಿದರೆ ಬರುವ ವ್ಯಾಟ್‌ಗೇ ಬೆಲೆ. 4 ವೋಲ್ಟ್‌ನಲ್ಲಿ 2.4 ಓಮ್ ಕಾಯಿಲ್‌ಗೆ ಸಿಗುವುದು 6.7 ವ್ಯಾಟ್, 1.8 ಓಮ್‌ಗೆ 8.9 ವ್ಯಾಟ್, 1 ಓಮ್‌ಗೆ 16 ವ್ಯಾಟ್. ಡಯಲ್ ಅಲ್ಲೇ ಇದೆ, ಶಾಖ ಎರಡು ಪಟ್ಟಿಗೂ ಮೇಲೆ ಹೋಯಿತು. ಹಳೆ ಟ್ಯಾಂಕ್‌ಗೆ ಇಟ್ಟ ಗೆರೆಯನ್ನು ಹೊಸ ಟ್ಯಾಂಕ್‌ಗೂ ಹಾಗೇ ಬಿಟ್ಟವರು ಮೊದಲ ಎಳೆತದಲ್ಲೇ ಕಾಯಿಲ್ ಸುಟ್ಟುಕೊಳ್ಳುವುದು ಹೀಗೆ.

ಕಾಯಿಲ್ ಸುಡುವುದೆಂದರೆ ತಂತಿ ಸುಡುವುದಲ್ಲ, ಒಳಗಿನ ಹತ್ತಿ ಸುಡುವುದು. ದೀಪದ ಬತ್ತಿಯನ್ನು ನೆನೆಸಿಕೊಳ್ಳಿ: ಎಣ್ಣೆ ಇರುವತನಕ ಉರಿಯುವುದು ಎಣ್ಣೆ, ಎಣ್ಣೆ ತೀರಿದ ಮೇಲೆ ಕರಕಲಾಗುವುದು ಬತ್ತಿ. ತಂತಿ ಆವಿ ಮಾಡುವ ವೇಗಕ್ಕೆ ಬತ್ತಿ ದ್ರವ ಒದಗಿಸದಿದ್ದರೆ ಅದೇ ಆಗುತ್ತದೆ. ಒಮ್ಮೆ ಕರಕಲಾದ ಹತ್ತಿ ತೊಳೆದರೆ ಸರಿಹೋಗುವುದಿಲ್ಲ, ಆ ಕಾಯಿಲ್ ಎಸೆಯಬೇಕು.

ಅಗ್ಗದ ಸೆಟ್ಟಿನ ಜೊತೆ ಬರುವ ಟ್ಯಾಂಕ್‌ನಲ್ಲಿ ಕಾಯಿಲ್ ಮೇಲ್ಭಾಗದಲ್ಲಿದ್ದು, ಉದ್ದನೆ ಬತ್ತಿದಾರಗಳು ಕೆಳಗಿನ ದ್ರವಕ್ಕೆ ಇಳಿಬಿದ್ದಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ದ್ರವ ಗುರುತ್ವಕ್ಕೆ ಎದುರಾಗಿ ಮೇಲೇರಬೇಕು. ಟ್ಯಾಂಕ್ ಅರ್ಧ ಖಾಲಿಯಾದರೆ ಆಗಾಗ ಓರೆ ಮಾಡಿ ಬತ್ತಿ ನೆನೆಸುತ್ತ ಕೂರಬೇಕು. ಇದು ಬರೀ ರುಚಿಯ ಪ್ರಶ್ನೆಯಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರ ಜನವರಿಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಇಂಥದೇ ವೋಲ್ಟೇಜ್ ಬದಲಿಸುವ ಸೆಟ್‌ನಲ್ಲಿ 3.3 ವೋಲ್ಟ್‌ಗೆ ಫಾರ್ಮಾಲ್ಡಿಹೈಡ್ ಎಂಬ ಕ್ಯಾನ್ಸರ್‌ಕಾರಕದ ಸಂಯುಕ್ತಗಳು ಪತ್ತೆಯಾಗಲಿಲ್ಲ, 5 ವೋಲ್ಟ್‌ಗೆ ಪತ್ತೆಯಾದವು. ಬತ್ತಿ ಒಣಗಿ ಸುಟ್ಟ ಸ್ಥಿತಿ ಅದು, ಆ ರುಚಿಯನ್ನು ಯಾವ ಮನುಷ್ಯನೂ ಒಳಗೆಳೆದುಕೊಳ್ಳಲಾರ ಎಂಬ ಆಕ್ಷೇಪ ಬಂತು, ಅದು ನ್ಯಾಯವೂ ಹೌದು. ಆದರೆ ಕೊಳ್ಳುವವರು ತಿಳಿಯಬೇಕಾದ ವಿಷಯ ಎರಡೂ ಕಡೆಯಿಂದ ಒಂದೇ: ದುರ್ಬಲ ಬತ್ತಿಯ ಟ್ಯಾಂಕ್‌ಗೆ ಮೇಲಿನ ಗೆರೆಗಳು ಲಾಯಕ್ಕಲ್ಲ, ಸುಟ್ಟ ರುಚಿ ಬಂದ ಕ್ಷಣ ನಿಲ್ಲಿಸಬೇಕು.

ಕಾಯಿಲ್ ಕೆಳಗಿರುವ, ಬದಲಿ ಕಾಯಿಲ್ ಬಿಡಿಯಾಗಿ ಸಿಗುವ ಗಾಜಿನ ಟ್ಯಾಂಕ್ ಆರಿಸಿ. ಸಿಗರೇಟಿನಂತೆ ಬಾಯಿಗೆ ಎಳೆದು ಆಮೇಲೆ ಒಳಗೆ ತೆಗೆದುಕೊಳ್ಳುವವರಿಗೆ 1.6ರಿಂದ 1.8 ಓಮ್ ಕಾಯಿಲ್ ಸಾಕು. ಒಳ್ಳೆಯ ಕಾಯಿಲ್‌ನ ಮೈಮೇಲೇ ಎಷ್ಟರಿಂದ ಎಷ್ಟು ವ್ಯಾಟ್ ಎಂದು ಕೆತ್ತಿರುತ್ತದೆ. ಹತ್ತರಿಂದ ಹದಿನಾಲ್ಕು ಎಂದಿದ್ದರೆ ಹತ್ತರಿಂದಲೇ ಶುರುಮಾಡಿ ಅರ್ಧರ್ಧ ವ್ಯಾಟ್ ಏರಿಸಿ. ಗಾಜು ಯಾಕೆಂದರೆ ನಿಂಬೆ, ಕಿತ್ತಳೆ, ದಾಲ್ಚಿನ್ನಿ ಸ್ವಾದದ ದ್ರವಗಳು ಪ್ಲಾಸ್ಟಿಕ್ ಟ್ಯಾಂಕನ್ನು ಮಂಕಾಗಿಸಿ ಬಿರುಕು ಬಿಡಿಸುತ್ತವೆ. ಸೋರಿದ ದ್ರವ ನೇರ ಬ್ಯಾಟರಿಯ ಬಾಯಿಗಿಳಿಯುತ್ತದೆ. ಬ್ರಿಟನ್ನಿನ ನಿಯಮದಲ್ಲಿ ಟ್ಯಾಂಕ್ 2 ಮಿಲಿಲೀಟರ್ ಮೀರುವಂತಿಲ್ಲ, ನಿಕೋಟಿನ್ ದ್ರವದ ಬಾಟಲಿ 10 ಮಿಲಿಲೀಟರ್, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಇದಕ್ಕಿಂತ ದೊಡ್ಡದನ್ನು ಅಲ್ಲಿ ಯಾರಾದರೂ ಮಾರುತ್ತಿದ್ದರೆ ಆ ಅಂಗಡಿ ಉಳಿದ ನಿಯಮಗಳನ್ನೂ ಹಾಗೇ ಪಾಲಿಸುತ್ತಿರಬಹುದು ಎಂದು ಊಹಿಸಿಕೊಳ್ಳಿ.

ಹೊಸ ಕಾಯಿಲ್ ಹಾಕಿದ ತಕ್ಷಣ ಬಟನ್ ಒತ್ತುವುದು ನೀರಿಲ್ಲದ ಬಕೆಟ್‌ಗೆ ಹೀಟರ್ ಕಾಯಿಲ್ ಇಟ್ಟು ಸ್ವಿಚ್ ಹಾಕಿದಂತೆ. ಪಕ್ಕದ ತೂತುಗಳಲ್ಲಿ ಕಾಣುವ ಹತ್ತಿಗೆ ನಾಲ್ಕೈದು ಹನಿ ಬಿಟ್ಟು, ಟ್ಯಾಂಕ್ ತುಂಬಿ, ಹತ್ತು ನಿಮಿಷ ಕಾಯಬೇಕು. ದ್ರವದ ದಪ್ಪವೂ ಹೊಂದಬೇಕು. ವೆಜಿಟೆಬಲ್ ಗ್ಲಿಸರಿನ್ ನೂರಕ್ಕೆ 70 ಭಾಗ ಇರುವ ಗಟ್ಟಿ ದ್ರವ 1.8 ಓಮ್ ಕಾಯಿಲ್‌ನ ಸಣ್ಣ ತೂತುಗಳಲ್ಲಿ ನಿಧಾನಕ್ಕೆ ಇಳಿದು ಬತ್ತಿ ಒಣಗುತ್ತದೆ. ಅಲ್ಲಿ ಗ್ಲಿಸರಿನ್, ಅದಕ್ಕಿಂತ ತೆಳುವಾದ ಪ್ರೊಪಿಲೀನ್ ಗ್ಲೈಕಾಲ್ ಅರ್ಧರ್ಧ ಇರುವುದು ಸರಿ. ಅದೇ ತೆಳು ದ್ರವವನ್ನು 0.5 ಓಮ್ ಟ್ಯಾಂಕ್‌ಗೆ ಸುರಿದರೆ ಗಾಳಿತೂತಿನಿಂದ ಸೋರುತ್ತದೆ. ಅಂಥ ಟ್ಯಾಂಕ್ ಆವಿ ಬಹಳ ಮಾಡುವುದರಿಂದ ಅದಕ್ಕೆ 20 ಮಿಲಿಗ್ರಾಂ ನಿಕೋಟಿನ್ ದ್ರವ ಸುರಿದರೆ ತಲೆಸುತ್ತು, ವಾಕರಿಕೆ ಬರಬಹುದು. ಅಷ್ಟು ಆವಿಗೆ 3 ಮಿಲಿಗ್ರಾಂ ಮಟ್ಟದ್ದೇ ಸಾಕು.

ಈಗ ಡಯಲ್‌ಗೆ ಬರೋಣ. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಸುತ್ತ ಹೋದಂತೆ 3.7, ಇನ್ನೂ ಕೆಳಗೆ. 4.8 ಬರಬೇಕಾದರೆ ಒಳಗೆ ವೋಲ್ಟ್ ಏರಿಸುವ ಸರ್ಕ್ಯೂಟ್ ಇರಬೇಕು. ಅದಿಲ್ಲದ ಅಗ್ಗದ ಬ್ಯಾಟರಿಯಲ್ಲಿ 4.8 ಎಂಬುದು ಬರೀ ಮುದ್ರಣ. ಇರುವ ವೋಲ್ಟನ್ನು ಕತ್ತರಿಸಿ ಇಳಿಸಬಲ್ಲುದೇ ಹೊರತು ಏರಿಸಲಾರದು. ಮಧ್ಯಾಹ್ನದ ಹೊತ್ತಿಗೆ ಆವಿ ಇಳಿಯುತ್ತದೆ, ಡಯಲ್ ಎಷ್ಟು ತಿರುಗಿಸಿದರೂ ಫಲವಿಲ್ಲ.

ಇದಕ್ಕೆ ತದ್ವಿರುದ್ಧವಾದ ಮೋಸವೂ ಉಂಟು, ಅದು ಹೆಚ್ಚು ಕೆಟ್ಟದ್ದು. ಕೆಲವು ಸರ್ಕ್ಯೂಟ್‌ಗಳು ವೋಲ್ಟನ್ನು ಮೊದಲು 6ಕ್ಕೆ ಏರಿಸಿ, ಆಮೇಲೆ ಸ್ವಿಚ್ ಹಾಕಿ ಆರಿಸಿದಂತೆ ಸೆಕೆಂಡಿಗೆ ಹಲವು ಸಲ ತುಂಡರಿಸಿ ಕಳಿಸುತ್ತವೆ. ಮೂರರಲ್ಲಿ ಎರಡು ಪಾಲು ಹೊತ್ತು ಹರಿಸಿದರೆ ಸರಾಸರಿ 4 ವೋಲ್ಟ್ ಎಂದು ಪರದೆ ತೋರಿಸುತ್ತದೆ. ಆದರೆ ಶಾಖ ಸರಾಸರಿಯನ್ನು ಕೇಳುವುದಿಲ್ಲ, ವರ್ಗದ ಲೆಕ್ಕ ಕೇಳುತ್ತದೆ. ಕಾಯಿಲ್‌ಗೆ ತಟ್ಟುವುದು 4.9 ವೋಲ್ಟ್‌ಗೆ ಸಮನಾದ ಶಾಖ. 1.8 ಓಮ್‌ನಲ್ಲಿ ಪರದೆಯ ಲೆಕ್ಕ 8.9 ವ್ಯಾಟ್, ನಿಜ 13.3 ವ್ಯಾಟ್. 'ಕಡಿಮೆ ಇಟ್ಟರೂ ಸುಡ್ತಿದೆ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಮಾಮೂಲಿ ಮಲ್ಟಿಮೀಟರ್‌ಗೂ ಇದು ಸಿಕ್ಕಿಬೀಳುವುದಿಲ್ಲ, ಅದೂ ಸರಾಸರಿಯನ್ನೇ ತೋರಿಸುತ್ತದೆ. ಶಾಖಕ್ಕೆ ಸಮನಾದ ವೋಲ್ಟ್ ತೋರಿಸುವ, ಎಸಿ ಡಿಸಿ ಎರಡನ್ನೂ ಸೇರಿಸಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು, ಇಲ್ಲವೇ ಡಯಲ್‌ನ ಅತಿ ಕೆಳಗಿನ ಗೆರೆಯಿಂದ ನಾಲಿಗೆಯನ್ನೇ ನಂಬಿ ಏರಬೇಕು. ದುಡ್ಡಿದ್ದರೆ ವೋಲ್ಟ್ ಬದಲು ವ್ಯಾಟ್ ಇಡುವ, ಓಮ್ ಅಳೆದು ತೋರಿಸುವ 'ಮಾಡ್' ಎಂಬ ಚಿಕ್ಕ ಪೆಟ್ಟಿಗೆಯಂಥ ಬ್ಯಾಟರಿ ಘಟಕ ಕೊಳ್ಳುವುದೇ ವಾಸಿ. ವ್ಯತ್ಯಾಸ ಬಹಳವಿಲ್ಲ, ಮೂರು ಸಲ ಕೊಳ್ಳುವ ಪೆನ್ನಿಗಿಂತ ಅಗ್ಗ.

ಕರೆಂಟ್ ಲೆಕ್ಕ ಬಿಟ್ಟವರಿಗೆ ಅಪಾಯ ಕಾದಿರುತ್ತದೆ. 1.8 ಓಮ್‌ಗೆ 4 ವೋಲ್ಟ್ ಎಂದರೆ 2.2 ಆಂಪಿಯರ್, ಪೆನ್ನಿನೊಳಗಿನ 650 ಅಥವಾ 900 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಪುಟ್ಟ ಸೆಲ್ ಅಷ್ಟಕ್ಕೇ ಏದುಸಿರು ಬಿಡುತ್ತದೆ. ಅದಕ್ಕೆ 0.5 ಓಮ್ ಟ್ಯಾಂಕ್ ತಿರುಪಿದರೆ 3.7 ವೋಲ್ಟ್‌ನಲ್ಲೇ 7.4 ಆಂಪಿಯರ್ ಕೇಳುತ್ತದೆ. ರಕ್ಷಣೆ ಇದ್ದ ಪೆನ್ ಮಿನುಗಿ ನಿಲ್ಲುತ್ತದೆ, ಬಟನ್ ಮಿನುಗಿದರೆ ಬೈಯಬೇಡಿ. ರಕ್ಷಣೆ ಇಲ್ಲದ್ದು ಬಿಸಿಯಾಗುತ್ತ ಹೋಗುತ್ತದೆ. ಟ್ಯಾಂಕನ್ನು ಬ್ಯಾಟರಿಗೆ ಕೂರಿಸುವ 510 ಎಂಬ ತಿರುಪು ಬಹುತೇಕ ಎಲ್ಲದಕ್ಕೂ ಒಂದೇ, ಆದ್ದರಿಂದ ತಿರುಪು ಕೂತಿತು ಎಂದರೆ ಜೋಡಿ ಹೊಂದಿತು ಎಂದಲ್ಲ. ಬಿಗಿಯಾಗಿ ತಿರುಪುವುದೂ ಬೇಡ. ನಡುವಿನ ಪಿನ್ ಒಳಗೆ ಕುಸಿದು ಸಂಪರ್ಕ ತಪ್ಪುತ್ತದೆ. ಹಾಗಾದರೆ ಬ್ಯಾಟರಿ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಕೂದಲೆಳೆಯಷ್ಟು ಎತ್ತಿ, ಲೋಹದ ಪಿನ್ನಿನಿಂದ ಅಲ್ಲ.

ಸೆಲ್ ಬದಲಿಸುವ ಮಾಡ್ ಕೊಂಡವರು 18650 ಎಂಬ ಸೆಲ್ ಹುಡುಕುತ್ತಾರೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಅಳತೆಯಲ್ಲಿ 9900 ಎಂಎಎಚ್ ಎಂದು ಬರೆದ ಸೆಲ್ ಕಂಡರೆ ಅದು ಸುಳ್ಳು, ಇನ್ನೇನೂ ಪರೀಕ್ಷಿಸಬೇಕಿಲ್ಲ. ವೇಪ್‌ಗೆ ಬಳಸುವ ಒಳ್ಳೆಯವು 2500ರಿಂದ 3000ದ ಆಸುಪಾಸಿನಲ್ಲಿರುತ್ತವೆ. ಸ್ಯಾಮ್‌ಸಂಗ್ 25ಆರ್ 2500 ಎಂಎಎಚ್, ನಿರಂತರ 20 ಆಂಪಿಯರ್. ಎಂಎಎಚ್‌ಗಿಂತ ಮೊದಲು ನೋಡಬೇಕಾದ್ದು ಈ ನಿರಂತರ ಆಂಪಿಯರ್. 'ಪಲ್ಸ್', ಅಂದರೆ ಕ್ಷಣಮಾತ್ರ ಕೊಡಬಲ್ಲದ್ದು ಎಂದು ಬರೆದ ದೊಡ್ಡ ಅಂಕಿ ಲೆಕ್ಕಕ್ಕಿಲ್ಲ. 40 ವ್ಯಾಟ್ ಇಟ್ಟರೆ ಸೆಲ್ 3.2 ವೋಲ್ಟ್‌ಗೆ ಇಳಿದ ಹೊತ್ತಿನಲ್ಲಿ 12.5 ಆಂಪಿಯರ್, ಸರ್ಕ್ಯೂಟ್ ತಿನ್ನುವುದನ್ನು ಸೇರಿಸಿದರೆ ಸುಮಾರು 14. ಸೆಲ್‌ನ ಮಿತಿ ಇದಕ್ಕಿಂತ ಸಾಕಷ್ಟು ಮೇಲಿರಬೇಕು. ನಕಲಿ ಹೊದಿಕೆ ಸುತ್ತಿದ ಹಳೆ ಲ್ಯಾಪ್‌ಟಾಪ್ ಸೆಲ್‌ಗಳೂ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಎಲ್ಲವನ್ನೂ ಮಾರುವ ಜಾಲತಾಣದ ಅಪರಿಚಿತ ಮಾರಾಟಗಾರನಿಂದ ಸೆಲ್ ಮಾತ್ರ ತರಿಸಬೇಡಿ.

ಸೆಲ್‌ನ ಪ್ಲಾಸ್ಟಿಕ್ ಹೊದಿಕೆ ಅಲಂಕಾರಕ್ಕಲ್ಲ. ಒಳಗಿನ ಲೋಹದ ಡಬ್ಬಿ ಇಡೀ ಋಣ ಧ್ರುವ. ಮೇಲಿನ ಧನ ಗುಂಡಿಗೂ ಅದಕ್ಕೂ ನಡುವೆ ಇರುವುದು ಒಂದು ತೆಳು ಬಿಲ್ಲೆಯಷ್ಟೇ. ಭುಜದ ಬಳಿ ಹೊದಿಕೆ ಹರಿದ ಸೆಲ್ ಮಾಡ್‌ನ ಲೋಹಕ್ಕೆ ತಾಗಿದರೆ ನೇರ ಶಾರ್ಟ್. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ನಾಣ್ಯದ ಜೊತೆ ಬಿಡಿ ಸೆಲ್ ಇಟ್ಟರೂ ಅದೇ. ತೊಡೆ ಸುಟ್ಟುಕೊಂಡವರ ಸುದ್ದಿಗಳಲ್ಲಿ ಪದೇ ಪದೇ ಕಾಣುವುದು ಇದು. ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಹೊರತಂದ ವರದಿ, 2009ರಿಂದ 2016ರವರೆಗೆ ಅಲ್ಲಿನ ಮಾಧ್ಯಮಗಳಲ್ಲಿ ಬಂದ 195 ಸ್ಫೋಟ, ಬೆಂಕಿ ಪ್ರಕರಣಗಳನ್ನು ಪಟ್ಟಿ ಮಾಡಿತು. 133ರಲ್ಲಿ ಜನರಿಗೆ ಗಾಯ. ಒಂದೆರಡು ಕಾಸಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೆಲ್ ಇಟ್ಟುಕೊಳ್ಳುವುದಕ್ಕೆ ಯಾಕಿಷ್ಟು ಸಂಕೋಚವೋ.

ಸರ್ಕ್ಯೂಟ್ ಇಲ್ಲದ 'ಮೆಕ್ಯಾನಿಕಲ್' ಮಾಡ್ ಅಗ್ಗವೆಂದು ತೋರಿಸಿದರೆ ಬೇಡವೆನ್ನಿ. ಅದರಲ್ಲಿ ಸೆಲ್‌ನ ತಲೆ ನೇರ ಟ್ಯಾಂಕ್‌ಗೆ ತಾಗುವ ಬಗೆ ಇದೆ. ಟ್ಯಾಂಕ್‌ನ ಪಿನ್ ತಿರುಪಿಗಿಂತ ಹೊರಚಾಚಿರದಿದ್ದರೆ ಬಟನ್ ಒತ್ತಿದ ಕೂಡಲೇ ಶಾರ್ಟ್, ಮುಖದ ಮುಂದೆ.

ಚಾರ್ಜರ್ ವಿಷಯ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪೆನ್ ಬ್ಯಾಟರಿಗಳಲ್ಲಿ ಎರಡು ಬಗೆ. ಒಂದರಲ್ಲಿ ಚಾರ್ಜ್ ನಿಯಂತ್ರಣ ಬ್ಯಾಟರಿಯೊಳಗಿದೆ, ಅದರ ಯುಎಸ್‌ಬಿ ತಂತಿ 5 ವೋಲ್ಟನ್ನು ಹಾಗೇ ಕಳಿಸುತ್ತದೆ. ಇನ್ನೊಂದರಲ್ಲಿ ನಿಯಂತ್ರಣ ಚಾರ್ಜರ್‌ನ ತಲೆಯಲ್ಲಿದೆ, ಬ್ಯಾಟರಿಗೆ ಹೋಗುವುದು 4.2. ತಿರುಪು ಎರಡಕ್ಕೂ ಒಂದೇ. ಮೊದಲನೆಯದರ ತಂತಿಗೆ ಎರಡನೆಯ ಬಗೆಯ ಬ್ಯಾಟರಿ ಸಿಕ್ಕಿಸಿದರೆ 4.2ಕ್ಕೆ ನಿಲ್ಲಿಸುವವರು ಯಾರೂ ಇಲ್ಲ, ಸೆಲ್ ಉಬ್ಬುತ್ತದೆ. ಮನೆಯಲ್ಲಿ ಎರಡು ಸೆಟ್ ಇದ್ದರೆ ಚಾರ್ಜರ್‌ಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಹಾಸಿಗೆ ಮೇಲೆ, ಮಲಗಿದ ಮೇಲೆ ಚಾರ್ಜ್ ಬೇಡ. ಚಾರ್ಜ್ ಆಗುವಾಗ ಬ್ಯಾಟರಿ ಬೆಚ್ಚಗಾಗಬಹುದು, ಹಿಡಿಯಲಾಗದಷ್ಟು ಬಿಸಿಯಾದರೆ ಅದರ ಆಯುಸ್ಸು ಅಲ್ಲಿಗೆ ಮುಗಿಯಿತು. ದ್ರವದ ಬಾಟಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ. ನಿಕೋಟಿನ್ ಕುಡಿದರೆ ವಿಷ, ಚರ್ಮದಿಂದಲೂ ಒಳಸೇರುತ್ತದೆ.

ಊರಿಗೆ ಹೊರಟವರಿಗೆ: ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತ್ತು, 2019ರ ಕೇಂದ್ರ ಕಾಯ್ದೆ ಇಡೀ ದೇಶದಲ್ಲಿ ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವನ್ನೂ ನಿಲ್ಲಿಸಿದೆ. ಮೊದಲ ಸಲದ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ವಂತಕ್ಕೆ ಒಂದೇ ಒಂದು ತಂದೆ ಎಂದು ಕೆಂಪೇಗೌಡ ನಿಲ್ದಾಣದ ಕಸ್ಟಮ್ಸ್ ಮುಂದೆ ವಾದಿಸುವ ಪ್ರಸಂಗ ತಂದುಕೊಳ್ಳಬೇಡಿ. ಬೇರೆ ದೇಶಗಳ ನಡುವೆ ಹಾರುವಾಗಲೂ ವೇಪ್ ಮತ್ತು ಬಿಡಿ ಸೆಲ್ ಚೆಕ್-ಇನ್ ಸೂಟ್‌ಕೇಸ್‌ಗೆ ನಿಷಿದ್ಧ, ಕೈಚೀಲದಲ್ಲೇ ಇರಬೇಕು. ಬೆಂಗಳೂರಿನ ಟಿಕೆಟ್ ಆದರೆ ಎರಡರಲ್ಲೂ ಬೇಡ, ಹೊರಡುವ ಮನೆಯಲ್ಲೇ ಸೆಲ್ ಬಿಚ್ಚಿ ಡಬ್ಬಿಯಲ್ಲಿಟ್ಟು ಬನ್ನಿ.