ಹಳೆ ಆರ್ಕೇಡ್ ಕ್ಯಾಬಿನೆಟ್, ಕಲಬುರಗಿ ಬಿಸಿಲು: ಕೆಲವು ಬೇಸಿಗೆ ಕಳೆದ ಮೇಲಿನ ವಿಮರ್ಶೆ

ಸುಮ್ನೆ ಹಳೆ ಗೇಮ್ ಆಡಬೇಕು ಅನ್ನುವವರು ಆರ್ಕೇಡ್ ಕ್ಯಾಬಿನೆಟ್, ಅಂದರೆ ಪಾರ್ಲರ್‌ನಲ್ಲಿ ನಿಂತು ಆಡುವ ಗೇಮ್ ಪೆಟ್ಟಿಗೆ, ತಗೋಬೇಡಿ. ಟಿವಿಗೆ ಸಿಕ್ಕಿಸಿ ಆಡುವ ಒಂದು ಸೆಕೆಂಡ್ ಹ್ಯಾಂಡ್ ಕನ್ಸೋಲ್, ಗುಜರಿಗೆ ಹೊರಟಿರುವ ಒಂದು ಡಬ್ಬಾ ಟಿವಿ ಸಾಕು. ಕ್ಯಾಬಿನೆಟ್ ಇರುವುದು ಹಿಂಬಾಗಿಲು ತೆಗೆದು ಒಳಗೆ ಕೈ ಹಾಕುವ ಚಟ ಇರುವವರಿಗೆ. ನನಗೆ ಆ ಚಟ ಇದೆ, ಹಾಗಾಗಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಗೊತ್ತಾಗುತ್ತದೆ.

ನನ್ನದು ಇಬ್ಬರು ನಿಂತು ಆಡುವ ಕ್ಯಾಬಿನೆಟ್, 21 ಇಂಚಿನ ಪಿಕ್ಚರ್ ಟ್ಯೂಬ್. ತೊಂಬತ್ತರ ದಶಕದ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಇರುತ್ತಿದ್ದವಲ್ಲ, ಅದೇ ಜಾತಿ. ಹೈದರಾಬಾದ್‌ನಲ್ಲಿ ಬಾಗಿಲು ಹಾಕಿದ ಪಾರ್ಲರ್ ಒಂದರ ಗೋದಾಮಿನಿಂದ ಟೆಂಪೋದಲ್ಲಿ ಬಂತು. ಪೆಟ್ಟಿಗೆ, ಟ್ಯೂಬ್, ವೈರಿಂಗ್ ಇತ್ತು. ಗೇಮ್ ಬೋರ್ಡ್, ಅಂದರೆ ಗೇಮ್ ಇರುವ ಸರ್ಕ್ಯೂಟ್ ಹಲಗೆ, ಇರಲಿಲ್ಲ. ಜಪಾನಿ ಕಂಪನಿಯದ್ದೇನಲ್ಲ, ಯಾರೋ ಲೋಕಲ್ ಬಡಗಿ ಪ್ಲೈವುಡ್‌ನಲ್ಲಿ ಮಾಡಿದ್ದು. ಅದೇ ಇದರ ಪುಣ್ಯ. ಪಾರ್ಟಿಕಲ್ ಬೋರ್ಡ್ ಪೆಟ್ಟಿಗೆಗಳು ನೀರು ತಾಗಿದರೆ ಉಬ್ಬಿ ಪುಡಿಯಾಗುತ್ತವೆ. ನನ್ನದರಲ್ಲಿ ಬುಡದ ಒಂದು ಹಲಗೆಗೆ ಮಾತ್ರ ಗೆದ್ದಲು ಹತ್ತಿತ್ತು. ಅದನ್ನು ಕಿತ್ತು ಹೊಸದು ಹಾಕಿಸಿ, ಗೆದ್ದಲು ಎಣ್ಣೆ ಹೊಡೆಸಿ, ಕೆಳಗೆ ದಪ್ಪ ರಬ್ಬರ್ ಗಾಲಿ ಹಾಕಿಸಿದೆ. ನಮ್ಮದು ಶಹಾಬಾದ್ ಫರ್ಸಿ ನೆಲ. ದಿನಾ ನೀರು ಹಾಕಿ ಒರೆಸುವ ಮನೆಯಲ್ಲಿ ಮರದ ಪೆಟ್ಟಿಗೆ ನೆಲಕ್ಕೆ ತಾಗಬಾರದು.

ನಮ್ಮ ಓಣಿಯವರಿಗೆ ಮೊದಲು ಬಂದ ಡೌಟು, "ಇದರಾಗ ಕ್ರಿಕೆಟ್ ಬರ್ತದೇನ್ರಿ?" ಬರಲ್ಲ. ಇದರಲ್ಲಿ ಚಾನೆಲ್ ಹಿಡಿಯುವ ಟ್ಯೂನರೇ ಇಲ್ಲ. ಕೆಂಪು, ಹಸಿರು, ನೀಲಿ ಮೂರು ಬೇರೆ ಬೇರೆ ವೈರ್‌ಗಳಲ್ಲಿ ಬೋರ್ಡಿನಿಂದ ನೇರ ಟ್ಯೂಬ್ ಕಡೆ ಹೋಗುತ್ತವೆ. ಚಿತ್ರ ಅಷ್ಟು ಚೊಕ್ಕ ಇರುವುದು ಅದಕ್ಕೇ.

ಒಳಗಿನ ವೈರಿಂಗ್ ಜಾಮಾ ಪದ್ಧತಿಯದು. 1985ರಲ್ಲಿ ಜಪಾನಿನ ಆರ್ಕೇಡ್ ತಯಾರಕರ ಸಂಘ ತಂದದ್ದು. 56 ಪಿನ್ನಿನ ಒಂದೇ ಕನೆಕ್ಟರ್, ಬೋರ್ಡಿನ ಒಂದು ಮುಖಕ್ಕೆ 28, ಇನ್ನೊಂದಕ್ಕೆ 28. ಕರೆಂಟು, ಚಿತ್ರ, ಸದ್ದು, ಜಾಯ್‌ಸ್ಟಿಕ್, ಕಾಸಿನ ಡಬ್ಬಿ ಎಲ್ಲ ಅದರಲ್ಲೇ. ಒಂದು ಬೋರ್ಡ್ ಕಿತ್ತು ಇನ್ನೊಂದು ಸಿಕ್ಕಿಸಿದರೆ ಬೇರೆ ಗೇಮ್. ಉಲ್ಟಾ ಸಿಕ್ಕಿಸಿದರೆ ಬೋರ್ಡಿನ ಕಥೆ ಮುಗಿದಂತೆ. ಹಾಗಾಗದಿರಲಿ ಅಂತ ಕನೆಕ್ಟರ್‌ನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ತಡೆ ಇರುತ್ತದೆ. ಹಳೆಯವುಗಳಲ್ಲಿ ಅದು ಎಲ್ಲೋ ಬಿದ್ದುಹೋಗಿರುತ್ತದೆ, ಕೊಳ್ಳುವಾಗ ನೋಡಿಕೊಳ್ಳಿ. ಇನ್ನೊಂದು ವಿಷಯ: ಜಾಮಾದಲ್ಲಿ ಒಬ್ಬರಿಗೆ ಮೂರೇ ಬಟನ್. 1991ರ ಸ್ಟ್ರೀಟ್ ಫೈಟರ್ 2 ಆರು ಕೇಳುತ್ತದೆ. ಒದೆಯುವ ಮೂರು ಬಟನ್‌ಗೆ ಬೇರೆ ವೈರ್ ಎಳೆಯಬೇಕು. "ಎಲ್ಲಾ ಗೇಮೂ ಓಡುತ್ತೆ ಸರ್" ಅಂತ ಮಾರುವವರು ಇದನ್ನು ಹೇಳುವುದಿಲ್ಲ.

ಬಂದ ಹೊಸದರಲ್ಲಿ ಆಟದ ನಡುವೆ ತಾನೇ ರೀಸೆಟ್ ಆಗುತ್ತಿತ್ತು. ನೋಡಿದವರೆಲ್ಲ ಬೋರ್ಡ್ ಹೋಗಿದೆ ಅಂದರು. ಮೀಟರ್ ಹಿಡಿದರೆ ಎಸ್‌ಎಂಪಿಎಸ್ (ಬೋರ್ಡಿಗೆ ಕರೆಂಟ್ ಕೊಡುವ ಡಬ್ಬಿ) ಬಾಯಿಯಲ್ಲಿ 5 ವೋಲ್ಟ್ ಸರಿಯಾಗಿದೆ, ಬೋರ್ಡಿನ ಅಂಚಿನಲ್ಲಿ 4.6. ಉಳಿದದ್ದನ್ನು ನಡುವಿನ ಸಣ್ಣ ವೈರ್ ಮತ್ತು ಕಪ್ಪಾದ ಪಿನ್ನುಗಳು ತಿನ್ನುತ್ತಿದ್ದವು. ಪಿನ್ನುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, 5 ವೋಲ್ಟ್‌ಗೂ ಗ್ರೌಂಡ್‌ಗೂ ದಪ್ಪ ವೈರ್ ಹಾಕಿದ ಮೇಲೆ 5.05ಕ್ಕೆ ನಿಂತಿತು. ಆಮೇಲೆ ರೀಸೆಟ್ ತಂಟೆ ಇಲ್ಲ. ಎಸ್‌ಎಂಪಿಎಸ್ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿ ವೋಲ್ಟೇಜ್ ಏರಿಸಬಹುದು ಅಂತ ಕೆಲವರು ಹೇಳುತ್ತಾರೆ. ವೈರ್ ಸರಿ ಮಾಡದೆ ಅದಕ್ಕೆ ಕೈ ಹಾಕಬೇಡಿ.

ಈಗ ಟ್ಯೂಬ್. ದುಡ್ಡು, ಭಯ, ಖುಷಿ ಮೂರೂ ಜಾಸ್ತಿ ಇರುವುದು ಇಲ್ಲೇ.

ಬಣ್ಣದ ಟ್ಯೂಬ್‌ನ ಆನೋಡ್‌ನಲ್ಲಿ, ಅಂದರೆ ದಪ್ಪ ಕೆಂಪು ಇಲ್ಲವೇ ಕಪ್ಪು ವೈರ್ ಸೇರುವ ಜಾಗದಲ್ಲಿ, 20 ಸಾವಿರ ವೋಲ್ಟ್‌ಗಿಂತ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಒಳಗೆ ಚಾರ್ಜ್ ಉಳಿದಿರುತ್ತದೆ. ಮೊದಲು ಅದನ್ನು ಗ್ರೌಂಡ್‌ಗೆ ಇಳಿಸಬೇಕು, ಆಮೇಲೆ ಮುಟ್ಟಬೇಕು. ವಿಡಿಯೋ ನೋಡಿ ಕಲಿಯುವ ಕೆಲಸ ಇದಲ್ಲ. ನಮ್ಮ ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಸುತ್ತಮುತ್ತ ಹುಡುಕಿದರೆ ಡಬ್ಬಾ ಟಿವಿ ರಿಪೇರಿ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಸಿಗುತ್ತಾರೆ. ಈಗ ಅವರು ಎಲ್‌ಇಡಿ ಪ್ಯಾನೆಲ್, ಸೆಟ್‌ಟಾಪ್ ಬಾಕ್ಸ್ ನೋಡಿಕೊಂಡಿರುತ್ತಾರೆ. ಟ್ಯೂಬ್ ಕೆಲಸ ಅಂದರೆ ಕಣ್ಣರಳಿಸುತ್ತಾರೆ. ನನ್ನ ಪಾಲಿಗೆ ಸಿಕ್ಕವರು ಮಾನಿಟರ್ ಆನ್ ಮಾಡಿ ಒಮ್ಮೆ ನೋಡಿದ್ದಷ್ಟೇ. ಚಿತ್ರದ ಮೇಲಿನ ಅಂಚು ಮಡಚಿಕೊಂಡಿತ್ತು. "ವರ್ಟಿಕಲ್ ಕಂಡೆನ್ಸರ್ ಒಣಗ್ಯಾವ" ಅಂದರು. ಕೆಪಾಸಿಟರ್‌ಗೆ ಹಳೆ ಮೆಕ್ಯಾನಿಕ್‌ಗಳು ಕಂಡೆನ್ಸರ್ ಅನ್ನುತ್ತಾರೆ. ಬಿಚ್ಚಿದರೆ ಫ್ಲೈಬ್ಯಾಕ್ (ಟ್ಯೂಬ್‌ಗೆ ಆ ಸಾವಿರಾರು ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್) ಸುತ್ತ ಕೂದಲಿನಂಥ ಕರಿ ಧೂಳು, ಬಿಸಿಯಾಗುವ ಹೀಟ್ ಸಿಂಕ್ ಪಕ್ಕದಲ್ಲೇ ನೆತ್ತಿ ಉಬ್ಬಿದ ಎರಡು ಕೆಪಾಸಿಟರ್. ಎಲ್ಲಾ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಟ್ಟಿಗೇ ಬದಲಾಯಿಸಿದೆವು. ಹಳೆಯವು 85 ಡಿಗ್ರಿ ಬಿಸಿ ತಡೆಯುವವು, ಹೊಸವು 105 ಡಿಗ್ರಿಯವು. ಬೆಲೆಯಲ್ಲಿ ವ್ಯತ್ಯಾಸ ಕಮ್ಮಿ, ನಮ್ಮ ಊರಿಗೆ ಇದು ಬೇಕೇ ಬೇಕು. ಈ ಕೆಪಾಸಿಟರ್‌ಗಳ ಲೆಕ್ಕ ಏನಂದರೆ, ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಮ್ಮಿ ಅರ್ಧ. ಮೇ ತಿಂಗಳಲ್ಲಿ ಹೊರಗೇ 42, 43 ಇರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಟ್ಯೂಬ್ ಉರಿಯುವಾಗ ಎಷ್ಟಿರಬಹುದು, ನೀವೇ ಊಹಿಸಿ. ಹಿಂಬಾಗಿಲಿನ ಮೇಲ್ಭಾಗದಲ್ಲಿ ಎರಡು 12 ವೋಲ್ಟ್ ಫ್ಯಾನ್ ಬಿಸಿ ಗಾಳಿ ಹೊರಗೆ ತಳ್ಳುತ್ತವೆ. ಬುಡದಲ್ಲಿ ಜಾಲರಿ, ಜಾಲರಿಗೆ ಹಳೆ ಕೂಲರ್ ಫಿಲ್ಟರ್ ತುಂಡು. ಹತ್ತಿರದಲ್ಲಿ ದಾಲ್ ಮಿಲ್ ಇರುವವರು ಆ ಫಿಲ್ಟರನ್ನು ತಿಂಗಳಿಗೊಮ್ಮೆ ಕೊಡವಲೇಬೇಕು. ತೊಗರಿ ಸೀಸನ್‌ನಲ್ಲಿ ಇನ್ನೂ ಬೇಗ.

ಬೇಸಿಗೆಯಲ್ಲಿ ನಾವು ಸಂಜೆ ಏಳರ ಮೇಲೆ ಮಾತ್ರ ಆನ್ ಮಾಡುತ್ತೇವೆ. ಕರೆಂಟ್ ಹೋಯಿತಾ, ಹಿಂದಿನ ಸ್ವಿಚ್ ಆಫ್. ವಾಪಸ್ ಬಂದ ಕೂಡಲೇ ಏರಿಳಿಯುವ ವೋಲ್ಟೇಜು ಮಾನಿಟರ್‌ಗೆ ಒಳ್ಳೆಯದಲ್ಲ. ಸ್ಟೆಬಿಲೈಸರ್ ಇದೆ. ಇನ್ವರ್ಟರ್ ಮೇಲೆ ಓಡಿಸುವ ಆಸೆ ಬಿಡಿ. ಆನ್ ಆಗುವ ಕ್ಷಣ ಟ್ಯೂಬ್ ಸುತ್ತಲಿನ ಡಿಗಾಸ್ ಕಾಯಿಲ್ (ಟ್ಯೂಬಿಗೆ ಹತ್ತಿದ ಅಯಸ್ಕಾಂತ ಗುಣ ತೆಗೆಯುವ ಸುರುಳಿ) ಗುಮ್ ಅಂತ ಜೋರಾಗಿ ಕರೆಂಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಚಿತ್ರವೂ ನಡುಗುತ್ತದೆ. ಇನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಅಂದರೆ ಮಾನಿಟರನ್ನು ಗೋಡೆಯ ಮೇನ್ಸ್ ಕರೆಂಟಿನಿಂದ ಬೇರೆ ಇಡುವ ಟ್ರಾನ್ಸ್‌ಫಾರ್ಮರ್. ಹಳೆ ಆರ್ಕೇಡ್ ಮಾನಿಟರ್ ಬಹಳಷ್ಟರಲ್ಲಿ ಚಾಸಿಗೇ, ಅಂದರೆ ಅದರ ಸರ್ಕ್ಯೂಟ್ ಕೂತ ಚೌಕಟ್ಟಿಗೇ, ನೇರ ಮೇನ್ಸ್ ತಾಗಿರುತ್ತದೆ. ನಡುವೆ ಈ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಶಾಕ್ ಗ್ಯಾರಂಟಿ, ಬೋರ್ಡೂ ಹೋಗುತ್ತದೆ. ಭಾರ ಜಾಸ್ತಿ ಅಂತ ಅದನ್ನು ಬಿಚ್ಚಿ ಮಾರಿದ ಕ್ಯಾಬಿನೆಟ್‌ಗಳೂ ಇವೆ. ಕೊಳ್ಳುವ ಮೊದಲು ಬಗ್ಗಿ ನೋಡಿ.

ಇಷ್ಟೆಲ್ಲ ತೊಂದರೆ ಯಾಕೆ, ಎಲ್‌ಇಡಿ ಹಾಕಿಸಿಬಿಡಿ ಅಂತ ಹೇಳುವವರು ಬಹಳ. ನಾನು ಒಪ್ಪಲ್ಲ. ಈ ಬೋರ್ಡುಗಳು ಕೊಡುವುದು ಸುಮಾರು 15.7 ಕಿಲೋಹರ್ಟ್ಸ್ ಸಿಗ್ನಲ್, ಅಂದರೆ ಸೆಕೆಂಡಿಗೆ ಸುಮಾರು 15,700 ಗೆರೆ. ಟ್ಯೂಬ್ ಅದನ್ನು ಬಂದ ಹಾಗೇ ಗೆರೆ ಗೆರೆಯಾಗಿ ಬರೆಯುತ್ತದೆ. ಎಲ್‌ಇಡಿ ಮೊದಲು ಇಡೀ ಚಿತ್ರ ಹಿಡಿದು, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಒಂದು ಫ್ರೇಮ್, ಅಂದರೆ ಒಂದು ಪೂರ್ತಿ ಚಿತ್ರ, ಸುಮಾರು 16.7 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ತಡವಾದರೆ ಬಟನ್ ಒತ್ತಿದ್ದಕ್ಕೂ ಏಟು ಬಿದ್ದಿದ್ದಕ್ಕೂ ಸಂಬಂಧ ಇಲ್ಲ ಅನ್ನಿಸುತ್ತದೆ. ಅದರ ಮೇಲೆ ಆ ಗೆರೆಗಳ ನಡುವಿನ ಕಪ್ಪು. ಚಿತ್ರ ಬಿಡಿಸಿದವರು ಆ ಕಪ್ಪನ್ನೂ ಲೆಕ್ಕಕ್ಕೆ ಹಿಡಿದೇ ಬಿಡಿಸಿದ್ದು. ನನ್ನ ಟ್ಯೂಬ್‌ನಲ್ಲಿ ಒಂದು ಕಲೆಯೂ ಇದೆ: ಆಫ್ ಮಾಡಿ ಪಕ್ಕದಿಂದ ನೋಡಿದರೆ ಪಾರ್ಲರ್‌ನಲ್ಲಿ ವರ್ಷಗಟ್ಟಲೆ ಓಡಿದ ಯಾವುದೋ ಗೇಮಿನ ಸ್ಕೋರ್ ಸಾಲು ಮಸುಕಾಗಿ ಕಾಣುತ್ತದೆ. ಆಡುವಾಗ ಕಾಣಲ್ಲ. ಇದರ ಬಗ್ಗೆ ನನಗೆ ಬೇಜಾರಿಲ್ಲ.

ಒಂದು ಸ್ಟಾರ್ ಕಳೆದದ್ದು ಗೇಮ್ ಬೋರ್ಡ್. ಮೊದಲು ಹಾಕಿದ್ದು ನೂರಾರು ಗೇಮ್ ತುಂಬಿದ ಅಗ್ಗದ ಜಾಮಾ ಬೋರ್ಡ್. ಮೊದಲ ವಾರ ಹಬ್ಬ. ಆಮೇಲೆ ಕಿರಿಕಿರಿ ಶುರು. ಒಂದೇ ಗೇಮ್ ಬೇರೆ ಬೇರೆ ಹೆಸರಲ್ಲಿ ಮೂರು ನಾಲ್ಕು ಸಲ. ಸದ್ದು ಒಡೆದು ಬರುತ್ತದೆ. ಮುಖ್ಯ ದೋಷ ಬೇರೆ ಇದೆ. ಪ್ರತಿ ಗೇಮಿಗೂ ಅದರದೇ ವೇಗ ಇರುತ್ತದೆ. ಪ್ಯಾಕ್‌ಮನ್ ಸೆಕೆಂಡಿಗೆ 60.6 ಫ್ರೇಮ್, 1992ರ ಮೋರ್ಟಲ್ ಕಾಂಬ್ಯಾಟ್ 54.7, ಆರ್-ಟೈಪ್ 55. ಎಲ್ಲವನ್ನೂ 60ಕ್ಕೇ ಓಡಿಸಿದರೆ ಒಂದೋ ಆಟದ ವೇಗ ತಪ್ಪುತ್ತದೆ, ಇಲ್ಲವೇ ಚಿತ್ರ ಜಗ್ಗುತ್ತದೆ. ಪ್ಯಾಕ್‌ಮನ್‌ನಂಥ ಉದ್ದ ಪರದೆಯ ಗೇಮ್‌ಗಳು ನಮ್ಮ ಅಡ್ಡ ಟ್ಯೂಬ್‌ನಲ್ಲಿ ನಡುವೆ ಸಣ್ಣಗೆ ಕೂರುತ್ತವೆ, ಎರಡೂ ಕಡೆ ಕಪ್ಪು. ಈ ಬೋರ್ಡುಗಳ ಗೇಮ್‌ಗಳಿಗೆ ಲೈಸೆನ್ಸೂ ಇರುವುದಿಲ್ಲ, ಅದು ಬೇರೆ ಮಾತು. ಎರಡನೇ ಬೇಸಿಗೆಗೆ ಬೋರ್ಡ್ ಬಿಸಿಯಾಗಿ ಹ್ಯಾಂಗ್ ಆಗತೊಡಗಿತು. ಮಾರಿದವರು ಫೋನ್ ಎತ್ತಲಿಲ್ಲ.

ಈಗ ಇರುವುದು ಒಂದೇ ಗೇಮಿನ ಹಳೆ ಬೋರ್ಡ್. ಮುಸ್ತಫಾ! ಹೌದು, ಅದೇ. ಹೊರಗಿನವರಿಗೆ ಅದು ಕ್ಯಾಪ್ಕಾಮ್‌ನ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993. ನಾಲ್ಕು ಜನ ಹೀರೋಗಳಲ್ಲಿ ಒಬ್ಬನ ಹೆಸರು ಮುಸ್ತಫಾ, ನಮ್ಮ ಕಡೆ ಇಡೀ ಗೇಮಿಗೇ ಅವನ ಹೆಸರು. ಎರಡೇ ಬಟನ್, ಒಂದು ಹೊಡೆಯಲು, ಒಂದು ಜಿಗಿಯಲು. ಎರಡೂ ಒಟ್ಟಿಗೆ ಒತ್ತಿದರೆ ಸುತ್ತಲಿದ್ದವರೆಲ್ಲ ನೆಲಕ್ಕೆ, ನಿಮ್ಮ ಶಕ್ತಿಯೂ ಸ್ವಲ್ಪ ಕಟ್. ಒಂದೇ ಗೇಮ್ ಇದ್ದರೆ ಬೇಜಾರಾಗಲ್ವಾ ಅಂತ ಕೇಳುತ್ತಾರೆ. ನೂರಾರು ಇದ್ದಾಗ ಯಾವುದನ್ನೂ ಕೊನೆ ಮುಟ್ಟಿಸಲಿಲ್ಲ, ಇದರಲ್ಲಿ ನಮ್ಮ ಮನೆಯ ಹುಡುಗರು ಯಾವ ಪೆಟ್ಟಿಗೆಯಲ್ಲಿ ಬಂದೂಕು ಇದೆ ಅಂತ ಬಾಯಿಪಾಠ ಹೇಳುತ್ತಾರೆ. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದಾಗ ಹಿಂದೆ ಸಾಲು ನಿಲ್ಲುತ್ತದೆ. ಆಡುವವನಿಗಿಂತ ಹಿಂದೆ ನಿಂತವರ ಗದ್ದಲ ಜಾಸ್ತಿ.

ಬಟನ್, ಜಾಯ್‌ಸ್ಟಿಕ್ ಬಗ್ಗೆ ಚಿಕ್ಕದಾಗಿ. ಮೊದಲು ಹಾಕಿದ ಹೆಸರಿಲ್ಲದ ಸೆಟ್ಟು ಒಂದು ಬೇಸಿಗೆ ರಜೆಯೂ ತಡೆಯಲಿಲ್ಲ. ಆಮೇಲೆ ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಸ್ಟಿಕ್ಕು, 30 ಎಂಎಂ ಬಟನ್ ತರಿಸಿದೆ. ರೇಟು ಚುಚ್ಚುತ್ತದೆ. ಆದರೆ ಇವತ್ತಿಗೂ ಮೊದಲ ದಿನದ ಹಾಗೇ ಟಕ್ ಟಕ್ ಅನ್ನುತ್ತವೆ.

ಕಾಸಿನ ಡಬ್ಬಿ ಬಿಚ್ಚಬೇಡಿ, ಮಜಾ ಇರುವುದು ಅಲ್ಲಿ. ನನ್ನದರಲ್ಲಿ ಹೋಲಿಸಿ ನೋಡುವ ಮೆಕ್ಯಾನಿಸಂ ಇದೆ. ಒಳಗೆ ಒಂದು ಮಾದರಿ ನಾಣ್ಯ ಸಿಕ್ಕಿಸಿದರೆ ಅಂಥದ್ದನ್ನು ಮಾತ್ರ ನುಂಗುತ್ತದೆ, ಉಳಿದದ್ದನ್ನು ಉಗುಳುತ್ತದೆ. ಅದರಲ್ಲಿ ಮೊದಲಿನಿಂದ ಇದ್ದದ್ದು 25 ಎಂಎಂ ಅಗಲದ ಹಳೆ ಸ್ಟೀಲ್ ಒಂದು ರೂಪಾಯಿ. 2011ರ ನಂತರದ ರೂಪಾಯಿ ಸುಮಾರು 22 ಎಂಎಂ, ಹಗುರ ಕೂಡ. ಹಾಕಿದರೆ ಠಣ್ ಅಂತ ವಾಪಸ್. ಮಾದರಿ ಬದಲಾಯಿಸಿದರೆ ಎರಡು ನಿಮಿಷದ ಕೆಲಸ, ಆದರೂ ಬದಲಾಯಿಸಿಲ್ಲ. ಅವ್ವನ ದೇವರ ಮನೆಯ ಡಬ್ಬಿಯಲ್ಲಿ ದೊಡ್ಡ ರೂಪಾಯಿಗಳು ಬೇಕಾದಷ್ಟು ಸಿಕ್ಕವು. ಮುಗಿದಾಗ ಮಕ್ಕಳು ಕಾಸಿನ ಡಬ್ಬಿಯ ಕೀಲಿ ಕೇಳಬೇಕು, ಕೀಲಿ ಬೇಕಾದರೆ ಹೋಂವರ್ಕ್ ಮುಗಿದಿರಬೇಕು.

ಇನ್ನು ಕನ್ಸೋಲ್. ಕ್ಯಾಬಿನೆಟ್ ಪಕ್ಕದಲ್ಲೇ ಒಂದು 14 ಇಂಚಿನ ಡಬ್ಬಾ ಟಿವಿ, ಅದಕ್ಕೆ ನಾವೆಲ್ಲ ಟಿವಿ ಗೇಮ್ ಅಂತಿದ್ದ ಡಬ್ಬಿ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಅದು, 60 ಪಿನ್ನಿನ ಕ್ಯಾಸೆಟ್ಟು. ಕ್ಯಾಸೆಟ್ ಊದಿ ಹಾಕುವ ಅಭ್ಯಾಸ ಬಿಡಿ, ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಆಲ್ಕೋಹಾಲ್ ಹಚ್ಚಿದ ಇಯರ್ ಬಡ್ ಸಾಕು. ಬಾತುಕೋಳಿ ಹೊಡೆಯುವ ಗನ್ ಇದ್ದರೆ ಡಬ್ಬಾ ಟಿವಿಯೇ ಬೇಕು. ಟ್ರಿಗರ್ ಒತ್ತಿದಾಗ ಪರದೆ ಕಪ್ಪಾಗಿ, ಬಾತು ಇದ್ದ ಜಾಗ ಮಾತ್ರ ಬಿಳಿಯಾಗುತ್ತದೆ. ಗನ್ ಆ ಬಿಳಿಯನ್ನು ಆ ಕ್ಷಣವೇ ಹುಡುಕುತ್ತದೆ. ಎಲ್‌ಇಡಿಯಲ್ಲಿ ಅದು ತಡವಾಗಿ ಬರುವುದರಿಂದ ಎಷ್ಟು ಗುರಿ ಇಟ್ಟರೂ, ಗುರಿ ತಪ್ಪಿದಾಗ ನಗುವ ಆ ಗೇಮಿನ ನಾಯಿ ನಗುತ್ತಲೇ ಇರುತ್ತದೆ.

ಕನ್ಸೋಲಿನ ಹಳದಿಯಾದ ಪ್ಲಾಸ್ಟಿಕ್ ಬೆಳ್ಳಗೆ ಮಾಡಲು ನಮ್ಮ ಊರಿನಷ್ಟು ಅನುಕೂಲ ಇನ್ನೆಲ್ಲೂ ಇಲ್ಲ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ 40 ವಾಲ್ಯೂಮ್ ಡೆವಲಪರ್ ಕ್ರೀಮ್ ಸಿಗುತ್ತದೆ, ಅಂದರೆ ಶೇ 12ರ ಹೈಡ್ರೋಜನ್ ಪೆರಾಕ್ಸೈಡ್. ಕೈಗೆ ಗ್ಲೌಸ್ ಹಾಕಿ, ಬರೀ ಹೊರಗಿನ ಕವಚಕ್ಕೆ ಹಚ್ಚಿ, ಪಾರದರ್ಶಕ ಹಾಳೆ ಸುತ್ತಿ ಮಾಳಿಗೆ ಮೇಲೆ ಇಡಿ. ಡಿಸೆಂಬರ್ ಬಿಸಿಲೇ ಒಳ್ಳೆಯದು. ಮೇ ಮಧ್ಯಾಹ್ನ ಇಟ್ಟರೆ ಕ್ರೀಮ್ ಒಣಗಿ ಪಟ್ಟೆ ಪಟ್ಟೆ ಬೀಳುತ್ತದೆ. ಕೆಲವು ವರ್ಷಕ್ಕೆ ಹಳದಿ ಮತ್ತೆ ಬರುತ್ತದೆ, ಅದಕ್ಕೆ ಬೇರೆ ಔಷಧಿ ಇಲ್ಲ.

ಕರೆಂಟ್ ಬಿಲ್ ಬಗ್ಗೆ ಕೇಳುವವರಿಗೆ: ಎಲ್ಲ ಸೇರಿ ಸುಮಾರು 100 ವ್ಯಾಟ್, ಕೂಲರ್‌ಗಿಂತ ಜಾಸ್ತಿಯೇನಲ್ಲ. ಖರ್ಚು ಇರುವುದು ಬಿಡಿಭಾಗಗಳಲ್ಲಿ. ಹೈದರಾಬಾದ್ ಕೋಟಿಯ ಗುಜರಾತಿ ಗಲ್ಲಿಯಲ್ಲಿ ಕೆಪಾಸಿಟರ್, ಕನೆಕ್ಟರ್, ಎಸ್‌ಎಂಪಿಎಸ್ ಸಿಗುತ್ತವೆ. ಟ್ಯೂಬ್, ಫ್ಲೈಬ್ಯಾಕ್ ಮಾತ್ರ ದಿನದಿನಕ್ಕೆ ಕಷ್ಟ. ಗುಜರಿಯವರು ತಾಮ್ರಕ್ಕಾಗಿ ಕುತ್ತಿಗೆಯ ಕಾಯಿಲ್ ಕೀಳುವಾಗ ಟ್ಯೂಬನ್ನೇ ಒಡೆದು ಹಾಕುತ್ತಾರೆ. ಬೀದರ್, ಯಾದಗಿರಿ ಕಡೆ ಯಾರಾದರೂ 21 ಇಂಚಿನ ಡಬ್ಬಾ ಟಿವಿ ಗುಜರಿಗೆ ಹಾಕುವುದಿದ್ದರೆ ಮೊದಲು ಅದರ ಹಿಂಬದಿಯ ಟ್ಯೂಬ್ ನಂಬರ್, ಫ್ಲೈಬ್ಯಾಕ್ ಮೇಲಿನ ನಂಬರ್ ಒಬ್ಬ ಹಳೆ ಮೆಕ್ಯಾನಿಕ್‌ಗೆ ತೋರಿಸಿ. ಗುಜರಿಯವನು ಕೊಡುವ ರೇಟಿಗಿಂತ ಜಾಸ್ತಿ ಕೊಟ್ಟು ಒಯ್ಯುವವರು ಇದ್ದೇವೆ.