ಬೆಂಗಳೂರು ಓಪನ್ ಟೆನಿಸ್: ಒಬ್ಬಂಟಿ ಆಟ ನೋಡುವ ಸುಖ ಎಲ್ಲಿದೆ?

ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ, ಕಂಠೀರವದಲ್ಲಿ ಫುಟ್‌ಬಾಲ್ ತಂಡ ಬಿಎಫ್‌ಸಿ. ಈ ಎರಡರ ಮಧ್ಯೆ, ಕಬ್ಬನ್ ಪಾರ್ಕಿನೊಳಗಿನ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಗಳದಲ್ಲಿ ನಡೆಯುವ ಎಟಿಪಿ ಚಾಲೆಂಜರ್ ಟೂರ್ನಿಯೇ, ಅಂದರೆ ಪುರುಷರ ವೃತ್ತಿಪರ ಟೆನಿಸ್‌ನ ಎರಡನೇ ಹಂತದ ಟೂರ್ನಿಯೇ, ಬೆಂಗಳೂರು ಓಪನ್. ಮೆಟ್ರೊ ಇಳಿದು ನಡೆದೇ ಹೋಗಬಹುದು. ತಂಡದ ಆಟಕ್ಕೆ ಒಗ್ಗಿದವರು ಇಲ್ಲಿ ಕೂತರೆ ಮೊದಲ ಅರ್ಧ ಗಂಟೆ ಸಪ್ಪೆ ಎನಿಸುವುದು ಸಹಜ. ಕೂಗು ಕಡಿಮೆ, ಪಾಯಿಂಟ್ ನಡೆಯುವಾಗ ಸದ್ದೇ ಇಲ್ಲ. ಆಮೇಲೆ ಆಟ ಹಿಡಿದುಕೊಳ್ಳುತ್ತದೆ.

ಕಾರಣ ಇಷ್ಟೇ: ಅಂಗಳದಲ್ಲಿರುವವನಿಗೆ ಅಡಗಲು ಜಾಗವಿಲ್ಲ. ಕ್ರಿಕೆಟ್‌ನಲ್ಲಿ ಆರಂಭಿಕ ಬ್ಯಾಟರ್ ಸೊನ್ನೆಗೆ ಔಟಾದರೂ ಆರನೆಯವನು ಗೆಲ್ಲಿಸಬಹುದು. ಇಲ್ಲಿ ಬದಲಿ ಆಟಗಾರನಿಲ್ಲ. 30-40ರಲ್ಲಿ, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಸರ್ವ್ ಮಾಡುವವನು ಗೇಮ್ ಸೋಲುವ ಹೊತ್ತಿನಲ್ಲಿ, ಮೊದಲ ಸರ್ವ್ ತಪ್ಪಿತು ಎನ್ನಿ. ಆಗ ಚೆಂಡಿನ ಮೇಲಿನ ಕಣ್ಣು ತೆಗೆದು, ಸರ್ವ್ ಮಾಡುವವನು ಚೆಂಡನ್ನು ಮೇಲೆಸೆಯುವ ಕೈ ನೋಡಿ (ಬಲಗೈ ಆಟಗಾರನಾದರೆ ಎಡಗೈ). ದಣಿದವನ ಟಾಸ್, ಅಂದರೆ ಆ ಎಸೆತ, ತಗ್ಗುತ್ತದೆ, ತುಸು ಮುಂದಕ್ಕೂ ಬೀಳುತ್ತದೆ. ತೋಳು ಪೂರ್ತಿ ಚಾಚುವಷ್ಟು ಹೊತ್ತು ಸಿಗದೆ ಚೆಂಡು ನೆಟ್‌ಗೆ ಹೋಗುತ್ತದೆ. ಎದುರಾಳಿ ಅದನ್ನು ಗುರುತಿಸಿದ್ದರೆ ಎರಡನೇ ಸರ್ವ್‌ಗೆ ಬೇಸ್‌ಲೈನ್ (ಅಂಗಳದ ತುದಿಯ ಗೆರೆ) ದಾಟಿ ಒಂದು ಹೆಜ್ಜೆ ಒಳಗೇ ನಿಂತಿರುತ್ತಾನೆ. ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವ ಡಬಲ್ ಫಾಲ್ಟ್ ಯಾಕಾಯಿತು ಎಂಬುದಕ್ಕೆ ಉತ್ತರ ಆ ಹೆಜ್ಜೆಯಲ್ಲೂ ಇರುತ್ತದೆ.

ಇದು ಕಾಣಬೇಕಾದರೆ ಬೇಸ್‌ಲೈನ್ ಹಿಂದಿನ ಸೀಟು ಹಿಡಿಯಬೇಕು. ಪಕ್ಕದಲ್ಲಿ ಕೂತರೆ ಕತ್ತು ನೋಯುತ್ತದೆಯೇ ಹೊರತು ಚೆಂಡಿನ ತಿರುವು, ಕೋನ ತಿಳಿಯುವುದಿಲ್ಲ. ಹೊರಗಿನ ಚಿಕ್ಕ ಕೋರ್ಟ್‌ಗಳನ್ನಂತೂ ಬಿಡಲೇಬೇಡಿ. ಆಟಗಾರನ ಏದುಸಿರು, ಅವನು ಕೋಚ್ ಜೊತೆ ಆಡುವ ಮಾತು ಅಲ್ಲಿ ಕಿವಿಗೆ ಬೀಳುತ್ತವೆ. ನಡುವೆ ಎದ್ದು ಓಡಾಡುವಂತಿಲ್ಲ. ಬದಿ ಬದಲಿಸಿ ಕೂರುವಾಗಿನ 90 ಸೆಕೆಂಡೇ ನಿಮಗೂ ವಿರಾಮ, ಸೆಟ್ ಮುಗಿದಾಗ 120.

ಸಮಯ ಲೆಕ್ಕ ಹಾಕುವಾಗ ಎಡವುವವರೇ ಹೆಚ್ಚು. ಮರುದಿನದ ಪಟ್ಟಿ ಹಿಂದಿನ ಸಂಜೆ ಬರುತ್ತದೆ, ಆದರೆ ಮೊದಲ ಪಂದ್ಯದ ವೇಳೆಯಷ್ಟೇ ಖಚಿತ. ಮೂರರಲ್ಲಿ ಎರಡು ಸೆಟ್ ಗೆದ್ದವನದೇ ಪಂದ್ಯವಾದ್ದರಿಂದ ಅದು ಒಂದು ಗಂಟೆಗೂ ಮುಗಿಯಬಹುದು, ಮೂರು ಗಂಟೆಗೂ ಎಳೆಯಬಹುದು. ಮೂರನೇ ಪಂದ್ಯ ನೋಡಬೇಕೆಂದಿದ್ದರೆ ಎರಡನೆಯದು ಶುರುವಾಗುವ ಹೊತ್ತಿಗೇ ಬನ್ನಿ.

ದೊಡ್ಡ ಕೊರತೆಯೂ ಇದೆ. ಸಿಂಗಲ್ಸ್ ಮುಖ್ಯ ಡ್ರಾದಲ್ಲಿ, ಅಂದರೆ ಅರ್ಹತಾ ಸುತ್ತಿನ ನಂತರದ ಪ್ರಧಾನ ಹಂತದಲ್ಲಿ, 32 ಜನ. ಮೊದಲ ಸುತ್ತಿಗೇ 16 ಮಂದಿ ಮನೆಗೆ. ನಿಮ್ಮವನು ಮಂಗಳವಾರ ಸೋತರೆ ವಾರಾಂತ್ಯಕ್ಕೆ ಹುರಿದುಂಬಿಸಲು ಯಾರೂ ಇರುವುದಿಲ್ಲ. 2017ರಲ್ಲಿ ಸುಮಿತ್ ನಗಾಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಇಲ್ಲಿ ಗೆದ್ದಾಗಿನ ಸಡಗರ ಪ್ರತಿ ವರ್ಷ ಸಿಗದು. ಪ್ರಜ್ಞೇಶ್ 2024ರಲ್ಲಿ ನಿವೃತ್ತರಾದರು. ಅವರ ಅಭಿಮಾನಿಗಳು ಹೊಸಬರನ್ನು ಹುಡುಕಿಕೊಳ್ಳಬೇಕು. ಆರ್‌ಸಿಬಿಯವರಿಗೆ ಆ ಕಷ್ಟವಿಲ್ಲ. 2008ರಿಂದ 2025ರವರೆಗೆ ಆಟಗಾರರು ಬದಲಾಗುತ್ತಲೇ ಇದ್ದರು, ಕಾಯುವವರು ಕಾದರು, ಕಪ್ ಬಂತು. ಆ ಒಗ್ಗಟ್ಟಿನ ಖುಷಿಯನ್ನು ಟೆನಿಸ್ ಕೊಡಲಾರದು.

ಹಾಗಾಗಿ ಫೈನಲ್‌ಗೆ ಕಾಯುವುದಕ್ಕಿಂತ ಸೋಮವಾರದಿಂದ ಬುಧವಾರದೊಳಗೆ ಒಂದು ಇಡೀ ದಿನ ಕೊಡಿ. ಭಾರತದವರು, ವೈಲ್ಡ್‌ಕಾರ್ಡ್ (ಆಯೋಜಕರು ಕೊಡುವ ವಿಶೇಷ ಪ್ರವೇಶ) ಪಡೆದ ಹುಡುಗರು ಹೆಚ್ಚಾಗಿ ಕಾಣಸಿಗುವುದು ಆಗಲೇ. ಜೊತೆಗೆ ಬಂದವರಿಗೆ ಒಬ್ಬಂಟಿ ಆಟ ರುಚಿಸದಿದ್ದರೆ ಮೊದಲು ಡಬಲ್ಸ್‌ಗೆ ಕೂರಿಸಿ. ಅಲ್ಲಿ 40-40 ಆದರೆ ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ, ತಲಾ ಒಂದು ಸೆಟ್ ಗೆದ್ದಿದ್ದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ಗಳ ಟೈಬ್ರೇಕ್. ಟೋಪಿ, ನೀರು ಮರೆಯಬೇಡಿ.