ಪಿಂಚಣಿ, ಗೃಹಲಕ್ಷ್ಮಿ ಎರಡೂ ಒಟ್ಟಿಗೆ ನಿಂತವಾ? ಹೊಸ ಅರ್ಜಿ ಹಾಕುವ ಮೊದಲು ಇದನ್ನು ಓದಿ

ಮನೆಯಲ್ಲಿ ಯಾರಿಗಾದರೂ ವಿಧವಾ ವೇತನ, ವೃದ್ಧಾಪ್ಯ ವೇತನ, ಗೃಹಲಕ್ಷ್ಮಿ ಹಣ ಬರುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಜಗಳೂರು, ಚಳ್ಳಕೆರೆ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ತಾಯಂದಿರು ಒಬ್ಬರೇ ಇದ್ದು, ಮಕ್ಕಳು ದಾವಣಗೆರೆಯಲ್ಲೋ ಬೆಂಗಳೂರಲ್ಲೋ ದುಡಿಯುತ್ತಿರುವವರು ಓದಲೇಬೇಕು. ನಮ್ಮ ಸೋದರತ್ತೆಗೆ ಆದದ್ದನ್ನು ಬರೆಯುತ್ತಿದ್ದೇನೆ. ದೂರು ಇನ್ನೂ ನಡೆಯುತ್ತಿದೆ, ಹಾಗಾಗಿ ಊರಿನ ಹೆಸರು, ಅಂಗಡಿಯ ಹೆಸರು, ಬ್ಯಾಂಕಿನ ಹೆಸರು ಹಾಕುವುದಿಲ್ಲ.

ಅತ್ತೆಗೆ ಅರವತ್ತರ ಹತ್ತಿರ ವಯಸ್ಸು. ಮಾವ ತೀರಿಕೊಂಡ ಮೇಲೆ ವಿಧವಾ ವೇತನ ಮಂಜೂರಾಗಿತ್ತು, ತಿಂಗಳಿಗೆ 800 ರೂಪಾಯಿ. 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಅದರ 2,000 ಸೇರಿತು. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದಿಷ್ಟು ಕೂಲಿ ಸಿಗುತ್ತದೆ. ಉಳಿದ ತಿಂಗಳು ಬಿಪಿ ಮಾತ್ರೆ, ಸಿಲಿಂಡರ್, ಸಂಘದ ಕಂತು ಎಲ್ಲ ಈ 2,800ರಲ್ಲೇ ಆಗಬೇಕು. ಎರಡೂ ಹಣ ಬೀಳುತ್ತಿದ್ದದ್ದು ಹೋಬಳಿಯ ಬ್ಯಾಂಕಿನಲ್ಲಿದ್ದ ಹಳೇ ಖಾತೆಗೆ.

ಒಂದು ತಿಂಗಳು ಎರಡೂ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಗೃಹಲಕ್ಷ್ಮಿ ಹಣ ತಡವಾಗುವುದು, ಒಮ್ಮೊಮ್ಮೆ ಎರಡು ಕಂತು ಒಟ್ಟಿಗೆ ಬೀಳುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಅತ್ತೆ ಮೊದಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಊರಲ್ಲೇ ಒಂದು ಅಂಗಡಿ ಇದೆ. ಜೆರಾಕ್ಸ್, ರೀಚಾರ್ಜ್, ಪಹಣಿ, ಹೆಬ್ಬೆಟ್ಟು ಇಟ್ಟರೆ ದುಡ್ಡು, ಎಲ್ಲ ಅಲ್ಲೇ. ಬ್ಯಾಂಕಿಗೆ ಹೋಗಲು ಬಸ್ಸಿಗೆ ಕಾಯಬೇಕು, ಇದಾದರೆ ಮನೆಯಿಂದ ನಾಲ್ಕು ಹೆಜ್ಜೆ. ಅತ್ತೆ ಅಲ್ಲಿಗೇ ಹೋಗಿ ಬಂದಿದೆಯಾ ನೋಡು ಅನ್ನುತ್ತಿದ್ದರು. ಆ ಹುಡುಗ, "ತಂಬ್ ಇಡು ದೊಡ್ಡಮ್ಮ, ನೋಡಿಬಿಡಣ" ಅನ್ನುತ್ತಿದ್ದ. ಇವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಿಷನ್ ಮೇಲೆ ಇಡುವುದು. ಕೂಲಿ ಮಾಡಿದ ಕೈ, ಗೆರೆ ಸವೆದಿದೆ, ಒಂದೇ ಸಲಕ್ಕೆ ತಗೊಳ್ಳುವುದಿಲ್ಲ. ಇನ್ನೊಂದು ಸಲ ಇಡು, ಒತ್ತಿ ಇಡು, ಈ ಬೆರಳು ಬೇಡ ಆ ಬೆರಳು ಇಡು. ಆಮೇಲೆ ಮೊಬೈಲ್ ನೋಡಿ, "ಇಲ್ಲ ದೊಡ್ಡಮ್ಮ, ಸರ್ಕಾರ ಇನ್ನೂ ಬಿಟ್ಟಿಲ್ಲ." ಚೀಟಿ ಗೀಟಿ ಏನೂ ಕೊಡುತ್ತಿರಲಿಲ್ಲ. ಬರದ ದುಡ್ಡಿಗೆ ಚೀಟಿ ಯಾಕೆ ಅಂತ ಇವರೂ ಕೇಳುತ್ತಿರಲಿಲ್ಲ.

ಕೊನೆಗೆ ಪಕ್ಕದ ಮನೆಯವರನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋದರು. ಪಿಂಚಣಿ ನೋಡುವ ಕೇಸ್ ವರ್ಕರ್ ಕಂಪ್ಯೂಟರ್ ನೋಡಿ, "ನಮ್ಮ ಕಡೆಯಿಂದ ಹೋಗ್ತಾ ಇದೆಯಲ್ಲಮ್ಮ, ಬ್ಯಾಂಕಲ್ಲಿ ಕೇಳಿ" ಎಂದರಂತೆ. ಅವರು ಹೇಳಿದ್ದು ನಿಜವೇ. ಆದರೆ ಯಾವ ಬ್ಯಾಂಕಿಗೆ ಹೋಗುತ್ತಿದೆ ಎಂದು ಅವರು ಹೇಳಲಿಲ್ಲ, ಕೇಳಬೇಕು ಎಂದು ಅತ್ತೆಗೆ ಹೊಳೆಯಲಿಲ್ಲ. ಹಳೇ ಬ್ಯಾಂಕಿಗೆ ಬಂದರೆ ಪಾಸ್‌ಬುಕ್‌ನಲ್ಲಿ ಎಂಟ್ರಿಯೇ ಇಲ್ಲ. "ಆಧಾರ್ ಲಿಂಕ್ ಆಗಿದೆ, ನಮ್ಮದೇನೂ ತೊಂದರೆ ಇಲ್ಲ, ತಾಲ್ಲೂಕು ಆಫೀಸಲ್ಲಿ ಕೇಳಿ" ಎಂದು ಅಲ್ಲಿಯವರು ವಾಪಸ್ ಕಳಿಸಿದರು.

ಇಂಥ ಹೊತ್ತಲ್ಲೇ ಮಧ್ಯವರ್ತಿಗಳು ಸಿಗೋದು. ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುವವರ ಮಧ್ಯೆ ಒಬ್ಬ ಅತ್ತೆಯ ಕಾಗದ ನೋಡಿ ತೀರ್ಪು ಕೊಟ್ಟೇಬಿಟ್ಟ. "ನಿಮ್ಮ ಹೆಸರು ತೆಗೆದಿದಾರೆ ಕಣಮ್ಮ. ವರ್ಷಕ್ಕೆ 32 ಸಾವಿರದ ಮೇಲೆ ಆದಾಯ ಇದ್ದರೆ ಪಿಂಚಣಿ ಇಲ್ಲ. ಗೃಹಲಕ್ಷ್ಮಿಯದ್ದೇ 24 ಸಾವಿರ ಆಯ್ತು, ಕೂಲಿ ಸೇರಿಸಿದರೆ ದಾಟಿತು. ಇನ್ನು ಎರಡೂ ಬರಲ್ಲ." ಲೆಕ್ಕ ಎಷ್ಟು ಚೆನ್ನಾಗಿ ಹೊಂದಿಸಿದ್ದಾನೆ ನೋಡಿ! 32,000 ಅನ್ನುವ ಮಿತಿ ಇರುವುದು ನಿಜ. ಹಾಗಾಗಿ ಅದರ ಜೊತೆ ಸೇರಿಸಿದ ಸುಳ್ಳೂ ನಿಜದ ಹಾಗೆ ಕೇಳಿಸಿತು. ಪಿಂಚಣಿ ಪಡೆಯುವ ಮಹಿಳೆ ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯೂ ಸಿಗುತ್ತದೆ. ಒಂದು ಬಂತು ಅಂತ ಇನ್ನೊಂದನ್ನು ಕಿತ್ತುಕೊಳ್ಳುವುದಿಲ್ಲ.

ಅವನು ಹೇಳಿದ ಪರಿಹಾರ ಇನ್ನೂ ಅಪಾಯದ್ದು. ಆಧಾರ್‌ನಲ್ಲಿ ವಯಸ್ಸು ಏರಿಸಿ 65 ದಾಟಿಸುತ್ತಾನಂತೆ, ವಿಧವಾ ವೇತನ ಬಿಟ್ಟು ಸಂಧ್ಯಾ ಸುರಕ್ಷಾ ಅನ್ನುವ ವೃದ್ಧಾಪ್ಯ ವೇತನಕ್ಕೆ ಹೊಸ ಅರ್ಜಿ ಹಾಕುತ್ತಾನಂತೆ, 800ರ ಬದಲು 1,200 ಬರುತ್ತದಂತೆ. ಒಟ್ಟು ಐದು ಸಾವಿರ, ಮೊದಲು ಒಂದೂವರೆ ಸಾವಿರ. ಅತ್ತೆ ಸಂಘದಲ್ಲಿ ಕೇಳಿ ಆ ಒಂದೂವರೆ ಸಾವಿರ ತಂದು ಕೊಟ್ಟರು. ಉಳಿದದ್ದಕ್ಕೆ ನನಗೆ ಫೋನ್ ಮಾಡಿದರು. ನನಗೆ ವಿಷಯ ಗೊತ್ತಾದದ್ದೇ ಆಗ.

ಸುಳ್ಳು ವಯಸ್ಸಿನ ಆಧಾರ್ ಇಟ್ಟು ಪಿಂಚಣಿ ತಗೊಂಡರೆ ಏನಾಗುತ್ತದೆ ಅಂತ ಆ ಮನುಷ್ಯ ಹೇಳುವುದಿಲ್ಲ. ಕಂದಾಯ ಇಲಾಖೆಯವರು ಪಿಂಚಣಿದಾರರ ಪಟ್ಟಿಯನ್ನು ಆಗಾಗ ತಪಾಸಣೆ ಮಾಡುತ್ತಾರೆ. ಸಿಕ್ಕಿಬಿದ್ದರೆ ಪಿಂಚಣಿ ರದ್ದಾಗುತ್ತದೆ, ಕೇಸೂ ಬೀಳಬಹುದು. ನ್ಯಾಯವಾಗಿ ಸಿಗುತ್ತಿದ್ದ 800ಕ್ಕೂ ಕುತ್ತು. ಅದೂ ಅಲ್ಲದೆ ವಿಧವಾ ವೇತನ, ವೃದ್ಧಾಪ್ಯ ವೇತನ ಎರಡರಲ್ಲಿ ಒಬ್ಬರಿಗೆ ಒಂದೇ. ಸಿಕ್ಕಿಬೀಳುವುದು ಅರ್ಜಿ ಹಾಕಿದವರು, ಬರೆದುಕೊಟ್ಟವನಲ್ಲ.

ನಾನು ದಾವಣಗೆರೆ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎರಡು ಬೇರೆ ಬೇರೆ ಪಾರ್ಟಿಗಳ ಹಣ ಒಂದೇ ದಿನದಿಂದ ಬರದಿದ್ದರೆ ನಾವು ಮೊದಲು ಪಾರ್ಟಿಗಳನ್ನು ಬೈಯುವುದಿಲ್ಲ, ನಮ್ಮ ಬ್ಯಾಂಕನ್ನು ನೋಡುತ್ತೇವೆ. ಇಲ್ಲೂ ಅಷ್ಟೇ. ವಿಧವಾ ವೇತನ ಕಂದಾಯ ಇಲಾಖೆಯದು, ತಹಶೀಲ್ದಾರ್ ಆದೇಶದ ಮೇಲೆ ಬರುತ್ತದೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅದನ್ನು ಕೇಳಬೇಕಾದದ್ದು ಸಿಡಿಪಿಒ, ಅಂದರೆ ಆ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ. ಒಂದಕ್ಕೆ ಆದಾಯದ ಮಿತಿ ಇದೆ. ಇನ್ನೊಂದಕ್ಕೆ ಆ ಮಿತಿಯೇ ಇಲ್ಲ, ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿರಬೇಕು, ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ಮರುಮದುವೆ ಆದರೆ ವಿಧವಾ ವೇತನ ನಿಲ್ಲುತ್ತದೆ. ಕಾರ್ಡಿನಲ್ಲಿ ಯಜಮಾನಿ ಸೊಸೆ ಅಂತ ಬದಲಾದರೆ ಗೃಹಲಕ್ಷ್ಮಿಗೆ ತೊಡಕು. ಕಾರಣಗಳು ಬೇರೆ, ಕಚೇರಿಗಳು ಬೇರೆ. ಇಬ್ಬರೂ ಮಾತಾಡಿಕೊಂಡ ಹಾಗೆ ಒಂದೇ ತಿಂಗಳು ಒಬ್ಬರೇ ಹೆಂಗಸಿನ ಹೆಸರು ತೆಗೆಯುತ್ತಾರಾ? ಎರಡಕ್ಕೂ ಸಮಾನವಾಗಿ ಇರುವುದು ಆಧಾರ್ ಮತ್ತು ಬ್ಯಾಂಕ್ ಮಾತ್ರ.

ಹುಡುಕಿದಾಗ ಸಿಕ್ಕಿದ್ದೂ ಅದೇ. ಈ ಹಣವನ್ನು ಸರ್ಕಾರ ಪಾಸ್‌ಬುಕ್ಕಿನ ಖಾತೆ ನಂಬರ್ ನೋಡಿ ಹಾಕುವುದಿಲ್ಲ, ಆಧಾರ್ ನಂಬರ್ ಮೇಲೆ ಹಾಕುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಎನ್ನುವ ಪಟ್ಟಿ ಎನ್‌ಪಿಸಿಐ ಹತ್ತಿರ, ಅಂದರೆ ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆಯ ಹತ್ತಿರ ಇರುತ್ತದೆ. ಆ ಪಟ್ಟಿಗೆ ಬ್ಯಾಂಕನ್ನು ಸೇರಿಸುವುದಕ್ಕೇ ಸೀಡಿಂಗ್, ಮ್ಯಾಪಿಂಗ್ ಅನ್ನುವುದು. ನಿಮ್ಮ ಹತ್ತು ಖಾತೆಗೆ ಆಧಾರ್ ಕೊಟ್ಟಿರಬಹುದು, ಆದರೆ ಆ ಪಟ್ಟಿಯಲ್ಲಿ ಇರುವುದು ಒಂದೇ ಬ್ಯಾಂಕ್, ಕೊನೆಯಲ್ಲಿ ಸೀಡಿಂಗ್ ಮಾಡಿದ ಬ್ಯಾಂಕ್. ಕೌಂಟರಿನಲ್ಲಿ "ಲಿಂಕ್ ಆಗಿದೆ" ಅಂದದ್ದು ಖಾತೆಯ ಕೆವೈಸಿ, ಅಂದರೆ ಖಾತೆದಾರರ ಗುರುತಿನ ದಾಖಲೆ ಬಗ್ಗೆ. ನಾವು ಕೇಳಬೇಕಿದ್ದದ್ದು, "ಎನ್‌ಪಿಸಿಐ ಮ್ಯಾಪಿಂಗ್ ನಿಮ್ಮ ಬ್ಯಾಂಕಿಗೇ ಇದೆಯಾ?" ಹಾಗೆ ಕೇಳಿದಾಗ ಅದೇ ಕೌಂಟರಿನವರು ನೋಡಿ, ಇಲ್ಲ, ಬೇರೆ ಬ್ಯಾಂಕಿಗೆ ಹೋಗಿದೆ ಎಂದು ಅದರ ಹೆಸರು ಹೇಳಿದರು. ಆ ಬ್ಯಾಂಕಿನ ಹೆಸರನ್ನು ಅತ್ತೆ ಜನ್ಮದಲ್ಲಿ ಕೇಳಿರಲಿಲ್ಲ.

ಆಗ ಅತ್ತೆಗೆ ನೆನಪಾಯಿತು. ಹಣ ನಿಲ್ಲುವ ಸ್ವಲ್ಪ ಮೊದಲು ಅದೇ ಅಂಗಡಿ ಹುಡುಗ ಗುಡಿ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು "ಪಿಂಚಣಿ ಕೆವೈಸಿ" ಮಾಡಿದ್ದ. ಮಾಡಿಸದಿದ್ದರೆ ದುಡ್ಡು ನಿಲ್ಲುತ್ತದೆ ಎಂದು ಊರಲ್ಲೆಲ್ಲ ಹೇಳಿಸಿದ್ದ. ತಲೆಗೆ 20 ರೂಪಾಯಿ, ಆಧಾರ್ ಜೆರಾಕ್ಸ್, ಹೆಬ್ಬೆಟ್ಟು. ಆ ಹೆಬ್ಬೆಟ್ಟಿನಲ್ಲಿ ಆಗಿದ್ದು ಹೊಸ ಖಾತೆ. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಅತ್ತೆಯದಲ್ಲ. ಹಣ ಬಂದ ಮೆಸೇಜು ಯಾರಿಗೆ ಹೋಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದಾವಣಗೆರೆಯಲ್ಲಿ ಆ ಬ್ಯಾಂಕಿನ ಶಾಖೆ ಹುಡುಕಿ, ಅತ್ತೆಯನ್ನು ಕರೆಸಿ ಸ್ಟೇಟ್‌ಮೆಂಟ್ ತೆಗೆಸಿದೆವು. 2,000 ಜಮೆ. ಅದಾದ ಎರಡು ದಿನಕ್ಕೆ 2,000 ಎಇಪಿಎಸ್ ವಿತ್‌ಡ್ರಾ, ಅಂದರೆ ಆಧಾರ್ ಮೇಲೆ ಹೆಬ್ಬೆಟ್ಟು ಇಟ್ಟು ತೆಗೆದದ್ದು. 800 ಜಮೆ, 800 ವಿತ್‌ಡ್ರಾ. ಪುಟದ ತುಂಬ ಹೀಗೇ. ಆ ತಾರೀಖುಗಳನ್ನು ಓದಿ ಹೇಳುತ್ತಾ ಹೋದರೆ ಅತ್ತೆ, "ಅವತ್ತು ಸಂತೆಗೆ ಹೊರಟಾಗ ಬಂದಿದೆಯಾ ಅಂತ ಕೇಳಕ್ಕೆ ಹೋಗಿದ್ದೆ," "ಅವತ್ತು ಅಮಾವಾಸ್ಯೆ, ಎಣ್ಣೆ ತರಕ್ಕೆ ಹೋದವಳು ಹಂಗೇ ಕೇಳಿ ಬಂದೆ" ಅನ್ನುತ್ತಿದ್ದಾರೆ. ಬಂದಿದೆಯಾ ಎಂದು ನೋಡಲು ಇವರು ಬೆರಳು ಇಟ್ಟಾಗಲೆಲ್ಲ ಅವನು ಹಣ ತೆಗೆದಿದ್ದಾನೆ. ತೆಗೆದು, ಎದುರಿಗೇ ನಿಂತಿರುವವರಿಗೆ ಸರ್ಕಾರ ಬಿಟ್ಟಿಲ್ಲ ಅಂದಿದ್ದಾನೆ. ನನಗೆ ಹೆಚ್ಚು ಸಿಟ್ಟು ಬಂದದ್ದು ಆ ದೊಡ್ಡಮ್ಮ ಅನ್ನುವ ಮಾತಿಗೆ.

ಇದು ಹೇಗೆ ಸಾಧ್ಯ ಅಂದರೆ, ಆ ಮಿಷನ್ನಿಗೆ ಬೇಕಿರುವುದು ಆಧಾರ್ ನಂಬರ್, ಬ್ಯಾಂಕಿನ ಹೆಸರು, ಒಂದು ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಬ್ಯಾಲೆನ್ಸ್ ನೋಡಲೂ ಬೆರಳು, ಹಣ ತೆಗೆಯಲೂ ಅದೇ ಬೆರಳು. ಬೆರಳು ಇಡುವವರಿಗೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ವ್ಯತ್ಯಾಸ ಇರುವುದು ಅವನ ಮೊಬೈಲ್ ಸ್ಕ್ರೀನಿನಲ್ಲಿ. ಹಾಗಾಗಿ ಸ್ಕ್ರೀನ್ ನೋಡದೆ, ಓದಲು ಬರುವವರು ಯಾರೂ ಜೊತೆಗಿಲ್ಲದೆ ಬೆರಳು ಇಡಬೇಡಿ ಎಂದು ಮನೆಯವರಿಗೆ ಹೇಳಿ. "ಒಂದು ಸಲ ತಗೊಳ್ಳಲಿಲ್ಲ, ಇನ್ನೊಂದು ಸಲ ಇಡಿ" ಅಂದರೆ ಮೊದಲಿನದು ಏನಾಯಿತು ಎಂದು ಕೇಳಿ, ಚೀಟಿ ಕೇಳಿ.

ಇದು ನಮ್ಮ ಹಳ್ಳಿಯಲ್ಲಿ ಹುಟ್ಟಿದ ವಿದ್ಯೆಯೂ ಅಲ್ಲ. 2017ರಲ್ಲಿ ಒಂದು ದೊಡ್ಡ ಮೊಬೈಲ್ ಕಂಪನಿಯ ಸಿಮ್‌ಗೆ ಆಧಾರ್ ಜೋಡಿಸಲು ಹೋದವರಿಗೆ ಗೊತ್ತಿಲ್ಲದೆ ಅದರ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಎಲ್ಲ ಅಲ್ಲಿಗೆ ಹರಿದಿತ್ತು. ಆ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ ಪರವಾನಗಿಯನ್ನೇ ತಡೆಹಿಡಿಯಬೇಕಾಯಿತು. ಅಲ್ಲಿ ಹಣ ದಾರಿ ತಪ್ಪಿತ್ತು, ಇಲ್ಲಿ ದಾರಿ ತಪ್ಪಿಸಿ ಜೇಬಿಗೂ ಹಾಕಿಕೊಂಡಿದ್ದಾರೆ.

ನೀವು ಮನೆಯಲ್ಲೇ ಪರೀಕ್ಷಿಸಬಹುದು. ಡಿಬಿಟಿ (ನೇರ ನಗದು ವರ್ಗಾವಣೆ) ಕರ್ನಾಟಕ ಅಂತ ಸರ್ಕಾರದ ಆ್ಯಪ್ ಇದೆ, ಯಾವ ಯೋಜನೆಯ ಹಣ ಯಾವಾಗ ಹೋಯಿತು, ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ ಎಂದು ತೋರಿಸುತ್ತದೆ. ಆಧಾರ್‌ನ ಅಧಿಕೃತ ವೆಬ್‌ಸೈಟಿನಲ್ಲೂ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಬಹುದು. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ನಮ್ಮ ಅತ್ತೆಯ ಆಧಾರ್‌ನಲ್ಲಿದ್ದದ್ದು ಮಾವನ ಹಳೇ ನಂಬರ್, ಅದು ಯಾವತ್ತೋ ಬಂದ್ ಆಗಿತ್ತು. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಬೇಕಾಯಿತು. ಇದೊಂದನ್ನು ಈ ವಾರವೇ ಮಾಡಿಸಿ, ಅಂಗಡಿಯವನ ನಂಬರ್ ಮಾತ್ರ ಕೊಡಬೇಡಿ.

ಬಯೋಮೆಟ್ರಿಕ್ ಲಾಕ್ ಮಾಡಿ, ಅಂದರೆ ಆಧಾರ್‌ನಲ್ಲಿ ಹೆಬ್ಬೆಟ್ಟು ಕೆಲಸ ಮಾಡದ ಹಾಗೆ ಮುಚ್ಚಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಒಳ್ಳೆಯದೇ, ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಆಗುತ್ತದೆ. ಆದರೆ ಲಾಕ್ ಇದ್ದರೆ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ಹಿಡಿಯುವುದಿಲ್ಲ. ಅಕ್ಕಿ ತರುವ ದಿನ ತೆರೆದು ಮತ್ತೆ ಮುಚ್ಚಲು ಮನೆಯಲ್ಲಿ ಸ್ಮಾರ್ಟ್‌ಫೋನ್ ಬಲ್ಲವರು ಇದ್ದರೆ ಮಾತ್ರ ಮಾಡಿ.

ಈಗ ಅತ್ತೆಯ ಸೀಡಿಂಗ್ ಹಳೇ ಬ್ಯಾಂಕಿಗೇ ಬಂದಿದೆ. ಅಲ್ಲಿ ಫಾರಂ ತುಂಬಿ ಕೊಟ್ಟದ್ದಷ್ಟೇ, ಐದು ಸಾವಿರವೂ ಬೇಕಾಗಲಿಲ್ಲ, ಹೊಸ ಅರ್ಜಿಯೂ ಬೇಕಾಗಲಿಲ್ಲ. ಆಮೇಲಿನ ಕಂತು ಬಂದಿದೆ. ಹೋದ ಹಣಕ್ಕೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ಮತ್ತು ಆ ಬ್ಯಾಂಕಿನಲ್ಲಿ ಬರವಣಿಗೆಯಲ್ಲಿ ದೂರು ಕೊಟ್ಟಿದ್ದೇವೆ. "ಹೆಬ್ಬೆಟ್ಟು ನೀವೇ ಕೊಟ್ಟಿದ್ದೀರಲ್ಲಮ್ಮ" ಎನ್ನುವ ಪ್ರಶ್ನೆ ಎಲ್ಲ ಕಡೆ ಬರುತ್ತದೆ, ಅದಕ್ಕೆ ಸಿದ್ಧರಾಗಿ ಹೋಗಿ. ಕಟ್ಟೆ ಮೇಲೆ ಕೆವೈಸಿ ಮಾಡಿಸಿದ ಉಳಿದ ಹೆಂಗಸರದ್ದನ್ನೂ ನೋಡಿಸಿದಾಗ ಇನ್ನಷ್ಟು ಖಾತೆ ಹೊರಬಿದ್ದವು. ಎಲ್ಲರೂ ಒಟ್ಟಿಗೆ ಹೋದ ಮೇಲೆ ಆ ಪ್ರಶ್ನೆ ಕೇಳುವ ದನಿ ಸ್ವಲ್ಪ ಮೆತ್ತಗಾಯಿತು. ಮಧ್ಯವರ್ತಿ ತಗೊಂಡ ಒಂದೂವರೆ ಸಾವಿರ ಮಾತ್ರ ಹೋದದ್ದೇ, ಅದಕ್ಕೆ ಯಾವ ಚೀಟಿಯೂ ಇಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಗೊತ್ತಿಲ್ಲದ ಖಾತೆ ಸಿಕ್ಕಿದರೆ ಸಿಟ್ಟಿನಲ್ಲಿ ತಕ್ಷಣ ಮುಚ್ಚಿಸಬೇಡಿ. ಮೊದಲು ಸ್ಟೇಟ್‌ಮೆಂಟ್ ತೆಗೆಸಿ, ಅದರಲ್ಲಿರುವ ಮೊಬೈಲ್ ನಂಬರ್ ಬದಲಿಸಿ. ಆಮೇಲೆ ಹಳೇ ಬ್ಯಾಂಕಿನಲ್ಲಿ ಸೀಡಿಂಗ್ ಫಾರಂ ಕೊಟ್ಟು, ಅದು ಬದಲಾಗಿದೆ ಎಂದು ನೋಡಿಕೊಂಡ ಮೇಲೆ ಖಾತೆ ಮುಚ್ಚಿಸಿ. ಮೊದಲೇ ಮುಚ್ಚಿಸಿದರೆ ಮಧ್ಯದಲ್ಲಿ ಬಂದ ಕಂತು ವಾಪಸ್ ಹೋಗುತ್ತದೆ, ಅದನ್ನು ಮತ್ತೆ ತರಿಸಲು ಇನ್ನೊಂದು ಸುತ್ತು ಕಚೇರಿ ಅಲೆಯಬೇಕು.